ಬೆನ್ನು ತಿರುಗಿಸಿದ ನವಿಲು

ಅಮಾವಾಸ್ಯೆಯ ದಿನವೇ ಬಂದ ಕುಬೇರ. ಕೈಯಲ್ಲೊಂದು ಸಿಡಿ, ತಲೆಯ ಮೇಲೆ ದಾಂಡೇಲಿ ಬಸ್ಸಿನ ಧೂಳು.

"ಇವತ್ತ ಅಮಾಸಿ ಐತ್ರಿ. ನಮ್ಮ ಮನ್ಯಾಗ ಹತ್ಯಾರ ಮುಟ್ಟಂಗಿಲ್ಲ," ಎಂದೆ, ಬಾಗಿಲಿಗೆ ಅಡ್ಡ ನಿಂತು.

"ಗೊತ್ತೈತ್ರಿ. ಮಷಿನ್ ಖಾಲಿ ಇರ್ತೈತಿ ಅಂತನ ಇವತ್ತ ಬಂದೇನಿ. ನಾ ಬರೇ ಕಂಪ್ಯೂಟರ್ ಮುಟ್ಟಾಂವ."

"ಅದಕ್ಕೂ ಪೂಜಾ ಮಾಡೇವಿ. ನೋಡ್ರಿ, ಮಾನಿಟರ್ ಮ್ಯಾಲೆ ಕುಂಕುಮ."

"ಕುಂಕುಮ ಅಳಸಂಗಿಲ್ರಿ," ಎಂದು ನನ್ನ ಹಣೆ ನೋಡಿದ. ನೋಡಬಾರದಷ್ಟು ಹೊತ್ತು ನೋಡಿದ. ನಾನು ಬಾಗಿಲು ಬಿಟ್ಟೆ.

ನಾವು ಹಳಿಯಾಳದ ಬಡಿಗೇರರು, ಅಮಾವಾಸ್ಯೆಗೆ ಉಳಿ, ಗರಗಸದಂಥ ಹತ್ಯಾರ ಮುಟ್ಟದವರು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಮ್ಮ ಸಿಎನ್‌ಸಿ ಮಷಿನ್ ಇದೆ. ಹಳೆಯ ಪೆಂಟಿಯಂ ಕಂಪ್ಯೂಟರ್ ಹೇಳಿದ ಹಾಗೆ ಮರದಲ್ಲಿ ಹೂಬಳ್ಳಿ ಕೊರೆಯುತ್ತದೆ. ಕಬ್ಬಿಣ ಜೋಡಿಸಿದ್ದು ಅಪ್ಪ ಮೌನೇಶ, ವೈರಿಂಗ್ ಮಾಡಿದ್ದು ಡಿಪ್ಲೊಮಾ ಮುಗಿಸಿದ ನಾನು, ಅನ್ನಪೂರ್ಣಾ. ಹುಡುಗಿಗೇಕೆ ಇದೆಲ್ಲ ಎಂದು ಇಡೀ ಓಣಿ ನಕ್ಕಿತ್ತು. ನಗಲಿ, ನನಗೇನು.

ಕುಬೇರ ಪೇಪರ್ ಮಿಲ್ ಕೆಲಸಗಾರರೊಬ್ಬರ ಮಗ. ದಾಂಡೇಲಿಯ ಕಂಪ್ಯೂಟರ್ ಅಂಗಡಿಯಲ್ಲಿ ರಿಪೇರಿ ಮಾಡುತ್ತಾನೆ. ಒಂದು ವರ್ಷದಿಂದ ನಮ್ಮ ಮಷಿನ್ನಿನ ಕೇಬಲ್ ಮೇಲಿಂದ ಮೇಲೆ ಸಡಿಲಾಗುತ್ತಿತ್ತು, ಅವನು ಮೇಲಿಂದ ಮೇಲೆ ಬರುತ್ತಿದ್ದ. ಚಹಾ ಕುಡಿಯುತ್ತ ಕಪ್ಪಿನ ಅಂಚಿನ ಮೇಲಿಂದ ನನ್ನನ್ನು ನೋಡುತ್ತಿದ್ದ, ಹೋಗುತ್ತಿದ್ದ. ಮನಸ್ಸಿನ ಒಂದು ಮಾತು ಆಡಿದ್ದರೆ ಕೇಳಿ! ನನಗೆ ಸಿಟ್ಟು ಬರುತ್ತಿತ್ತು. ಅವನು ಹೋದ ಮೇಲೆ ಶೆಡ್ಡು ಬಿಕೋ ಅನ್ನುತ್ತಿತ್ತು, ಅದಕ್ಕೆ ಇನ್ನೂ ಸಿಟ್ಟು.

ಈ ಸಲ ಮಾತ್ರ ನಿಜವಾದ ತೊಂದರೆ. ಹಳೆಯ ಕಂಟ್ರೋಲ್ ಸಾಫ್ಟ್‌ವೇರ್ ಕೆಲಸದ ನಡುವೆಯೇ ನಿಂತುಬಿಡುತ್ತಿತ್ತು, ಕೊರೆಯುವ ಮೊನೆ, ಅಂದರೆ ಬಿಟ್, ನಿಂತಲ್ಲೇ ತಿರುಗಿ ಮರ ಸುಡುತ್ತಿತ್ತು. ಅಪ್ಪನ ಅಕ್ಕ, ಸನವಳ್ಳಿಯ ಈರಕ್ಕ ಅತ್ತೆ, ತನ್ನ ಹೊಸ ಮನೆಗೆ ಎರಡು ಕದದ ಬಾಗಿಲು ಹೇಳಿದ್ದಳು. ಕದಕ್ಕೊಂದು ನವಿಲು, ಎದುರುಬದುರು. ಎಡಗಡೆಯದು ಆಗಿತ್ತು. ಅತ್ತೆಯ ಷರತ್ತು ಇದು: ಬಲಗಡೆಯದೂ ಸರಿಯಾಗಿ ಬಂದರೆ ಮಷಿನ್ ಇಲ್ಲೇ ಇರಲಿ; ಕೆಟ್ಟರೆ ಅದು ಅತ್ತೆಯ ಮಗ ದೇವರಾಜನ ಪಾಲು, ಅದರ ಹಿಂದೆ ಸೊಸೆಯಾಗಿ ನಾನು. ಅಕ್ಕನಿಗೆ ಇಲ್ಲ ಎನ್ನಲಾರದೆ ಅಪ್ಪ ಹೂಂ ಅಂದಿದ್ದ. ನನ್ನನ್ನು ಯಾರೂ ಕೇಳಿರಲಿಲ್ಲ.

ಕುಬೇರ ಸಿಡಿಯಲ್ಲಿ ತಂದ ಹೊಸ ಸಾಫ್ಟ್‌ವೇರ್‌ಗೆ ಮಷಿನ್ನಿನ ಅಳತೆ, ವೇಗ, ದಿಕ್ಕು ಎಲ್ಲವನ್ನೂ ಮೊದಲಿನಿಂದ ಹೇಳಬೇಕು. ನಾನು ಹೇಳುತ್ತ ಹೋದೆ, ಅವನು ತುಂಬುತ್ತ ಹೋದ.

"ದೇವರಾಜ ಅವ್ರು ಹೆಂಗ ಅದಾರ್ರಿ?" ಎಂದ, ಸ್ಕ್ರೀನ್ ನೋಡುತ್ತಲೇ.

"ಛಲೋ ಅದಾನ. ನಿಮಗ್ಯಾಕ?"

"ಮಷಿನ್ದು ಚಿಂತಿ ನನಗ."

"ಬರೇ ಮಷಿನ್ದ?"

ಅವನ ಕಿವಿ ಕೆಂಪಾದವು. ಮೌಸ್ ಎಲ್ಲೋ ಒತ್ತಿತು. ನಾನೂ ಸ್ಕ್ರೀನ್ ನೋಡುತ್ತಿರಲಿಲ್ಲ.

ಮರುದಿನ ಅತ್ತೆ ಬಂದು ಶೆಡ್ಡಿನಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಳು. ಕುಬೇರನೂ ಬಂದಿದ್ದ. ಇಂಥ ಹೊತ್ತಿನಲ್ಲಿ ಮೊದಲು ಬಿಟ್ಟನ್ನು ಮೇಲೆತ್ತಿ, ಮರ ಮುಟ್ಟಿಸದೆ ಗಾಳಿಯಲ್ಲಿ ಓಡಿಸಿ ನೋಡಬೇಕು. ಅತ್ತೆಯ ಎದುರು ಹಟಕ್ಕೆ ಬಿದ್ದು ನಾನು ನೇರ ಸಾಗವಾನಿಯ ಮೇಲೆಯೇ ಸ್ಟಾರ್ಟ್ ಒತ್ತಿದೆ. ಮಷಿನ್ ಒಮ್ಮೆಯೂ ನಿಲ್ಲಲಿಲ್ಲ. ಕೆಲಸ ಮುಗಿದ ಮೇಲೆ ಪುಡಿ ಊದಿ, ಕದವನ್ನು ಅದರ ಜೋಡಿಯ ಪಕ್ಕ ನಿಲ್ಲಿಸಿದೆವು.

ಚೆಂದದ ನವಿಲು. ಆದರೆ ಎಡಗಡೆಯ ನವಿಲಿಗೆ ಬೆನ್ನು ತಿರುಗಿಸಿ ನಿಂತಿತ್ತು.

"ಅಮಾಸಿ ದಿನ ಹತ್ಯಾರ ಮುಟ್ಟಿದ್ದಕ್ಕ ಇದು!" ಅತ್ತೆ ಎದ್ದು ನಿಂತಳು. "ಅಪಶಕುನ. ಮೌನೇಶ, ನಾಳೆನ ಟೆಂಪೋ ಕಳಸ್ತೇನಿ."

ಕುಬೇರ ಸ್ಕ್ರೀನ್ ನೋಡಿ ಬಿಳಿಚಿಕೊಂಡ. "ಶಕುನ ಅಲ್ರಿ ಅವ್ವಾರ. ದಿಕ್ಕಿನ ಮುಂದ ಒಂದು ಟಿಕ್ ತಪ್ಪಿ ಬಿದ್ದು ಎಡಾ-ಬಲಾ ಅದಲಿ ಬದಲಿ ಆಗೇತಿ. ತಪ್ಪು ನಂದು. ಮಷಿನ್ ಒಯ್ಯಬ್ಯಾಡ್ರಿ."

"ನಿಮ್ಮದ್ಯಾಕ? ಗಾಳ್ಯಾಗ ಓಡಿಸಿ ನೋಡದ ಸ್ಟಾರ್ಟ್ ಒತ್ತಿದಾಕಿ ನಾನು."

"ಟಿಕ್ ಹಾಕಿದಾಂವ ನಾನ್ರಿ."

"ಬಾಜೂಕ ಕುಂತು ನೋಡದ ಇದ್ದಾಕಿ ನಾನು!"

"ನೀವು ಸುಮ್ಮನಿರ್ರಿ."

"ನಾ ಯಾಕ ಸುಮ್ಮನಿರಲಿ?"

ಅತ್ತೆ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದಳು. "ತಪ್ಪು ನಂದಲ್ಲ ಅಂತ ಜಗಳಾಡೋದು ಕೇಳೇನಿ. ನಂದು ಅಂತ ಜಗಳಾಡೋದು ಇವತ್ತ ನೋಡಾಕತ್ತೇನಿ. ಅನ್ನಪೂರ್ಣಾ, ಇಂವ ಯಾರು ನಿನಗ?"

ಈಗ ಬಾಯಿ ಬಿಡದಿದ್ದರೆ ನಾಳೆ ಮಷಿನ್ ಟೆಂಪೋ ಏರುತ್ತದೆ, ಹಿಂದೆಯೇ ನಾನು. ಅತ್ತೆಯ ಎದುರಿಗೇ ಹೋಗಿ ನಿಂತೆ.

"ನಾ ಲಗ್ನ ಆಗೋ ಹುಡುಗ," ಎಂದೆ. "ನಮ್ಮ ಕುಲದಾಂವ ಅಲ್ಲ, ಗೊತ್ತೈತಿ. ಆದ್ರೂ ಆಗಾಕಿನ. ಮಷಿನ್ನೂ ಕೊಡಂಗಿಲ್ಲ, ನಾನೂ ಬರಂಗಿಲ್ಲ. ಶಕುನ ಅಂದಿಯಲ್ಲ ಅತ್ತಿ? ನಿನ್ನ ಬಾಗಲಾಗ ನಿಂದ್ರೂದಿಲ್ಲ ಅಂತ ನವಿಲು ಬೆನ್ನ ಹಾಕೇತಿ. ಶಕುನ ಖರೇನ ಐತಿ."

ಕುಬೇರನ ಬಾಯಿ ತೆರೆದೇ ಇತ್ತು. "ನನ್ನೂ ಒಂದು ಮಾತ ಕೇಳಬೇಕಿತ್ತಲ್ರಿ..."

"ಕೇಳಿದ್ರ ಏನಂತಿದ್ರಿ?"

"ವರ್ಷದಿಂದ ಬಸ್ಸಿನ್ಯಾಗ ಅದನ್ನ ಬಾಯಿಪಾಠ ಮಾಡಿಕೊಂಡು ಬರಾಕತ್ತೇನ್ರಿ. ನಿಮ್ಮನ್ನ ನೋಡಿದ ಕೂಡ್ಲೆ ಮರತು ಹೋಗ್ತೈತಿ."

ಅಪ್ಪ ಅಷ್ಟು ಹೊತ್ತೂ ತಪ್ಪಿದ ನವಿಲಿನ ಕತ್ತಿನ ಮೇಲೆ ಬೆರಳಾಡಿಸುತ್ತಿದ್ದ. "ಯಕ್ಕಾ, ಕೆಲಸ ಅಗದೀ ಸ್ವಚ್ಛ ಐತಿ," ಎಂದ ಮೆಲ್ಲಗೆ. "ನಿನ್ನ ಕದ ಮತ್ತೊಂದು ಕೊರದು ಕೊಡ್ತೇವಿ. ದೇವರಾಜಗ ಬ್ಯಾರೆ ಹೆಣ್ಣ ನೋಡು." ಆಮೇಲೆ ನನ್ನತ್ತ ತಿರುಗಿದ. "ಈ ನವಿಲಿಗೂ ಒಂದು ಜೋಡಿ ಬೇಕಲ್ಲ. ಎರಡು ಕೊರೀರಿ. ನಿಮ್ಮ ಮನಿಗೂ ಒಂದು ಬಾಗಲಾ ಆಗ್ತೈತಿ."

ಅತ್ತೆ ಸೆರಗು ಕೊಡವಿ ಹೊರಟಳು. ಚಹಾ ಕುಡಿದೇ ಹೋದಳು ಅನ್ನುವುದು ಬೇರೆ ಮಾತು.

ಕುಬೇರ ಟಿಕ್ ತೆಗೆದ. ಈ ಸಲ ಮೊದಲು ಗಾಳಿಯಲ್ಲಿ ಓಡಿಸಿದೆವು. ಇಬ್ಬರೂ ಕಷ್ಟಪಟ್ಟು ಮಷಿನ್ನನ್ನೇ ನೋಡಿದೆವು.

"ಒಂದು ಕೇಳ್ಲೆನ್ರಿ?" ಎಂದ ಅವನು. "ಆ ಕೇಬಲ್‌ಗೆ ಎರಡು ಕಡೆ ಸ್ಕ್ರೂ ಅದಾವು. ತಾನ ಹೆಂಗ ಸಡ್ಲಾಗ್ತಿತ್ತು?"

"ಗೊತ್ತಿದ್ದೂ ಯಾಕ ಸುಮ್ಮನಿದ್ರಿ?"

"ಕೇಳಿದ್ರ ಬಿಚ್ಚೋದು ನಿಲ್ಲಸ್ತೀರಿ ಅಂತ ಹೆದರಿಕಿ."

ನಾನು ಸ್ಕ್ರೂಡ್ರೈವರ್ ತಂದು ಅವನ ಕೈಯಲ್ಲಿಟ್ಟೆ.

"ಬಿಗಿ ಮಾಡ್ರಿ," ಎಂದೆ. "ಇನ್ನ ಅದನ್ನ ಬಿಚ್ಚೋ ಕೆಲಸ ಇಲ್ಲ."