ಎಲ್ಲೆಕಲ್ಲಿನ ಏಳು ಮಂದಿ

೨೦೧೯ರ ಮಾರ್ಚ್ ಹದಿನೆಂಟು, ಸೋಮವಾರ. ಎಬರ್ಸ್‌ಫುರ್ಟ್ ಠಾಣೆಯ ಬಾಗಿಲು ತೆರೆಯುವುದನ್ನೇ ಕಾದು ನಿಂತಿದ್ದವನು ಬುರ್ಖಾರ್ಡ್ ಜೆಂಟರ್. ಊರಿನ ದೊಡ್ಡ ದ್ರಾಕ್ಷಿ ತೋಟದ ಯಜಮಾನ. ಕೂರು ಅಂದರೂ ಕೂರಲಿಲ್ಲ.

"ಕಲ್ಲು ಹೋಗಿದೆ," ಅಂದ.

"ಯಾವ ಕಲ್ಲು?"

"ಮೀನುಕಲ್ಲು. ಶುಕ್ರವಾರ ಇತ್ತು. ಇವತ್ತು ಬರೀ ಗುಂಡಿ ಇದೆ."

ಇನ್ಸ್‌ಪೆಕ್ಟರ್ ರೊಸ್ವಿತಾ ಫೇಸರ್ ಕುಡಿಯುತ್ತಿದ್ದ ಕಾಫಿಯನ್ನು ಕೆಳಗಿಟ್ಟಳು. ಆಕೆ ಈ ಊರಿನವಳೇ. ಸೈಕಲ್ ಕಳವು, ಕುಡಿದು ಗಲಾಟೆ, ಲೌರ ನದಿಗೆ ಬಿದ್ದ ಹಸು, ಇಷ್ಟೇ ಬರುವ ಠಾಣೆಗೆ ಎಲ್ಲೆಕಲ್ಲಿನ ದೂರು ಬಂದದ್ದು ಇದೇ ಮೊದಲು. ಎಬರ್ಸ್‌ಫುರ್ಟ್ ಗುಡ್ಡದ ಮೇಲಿನ ಊರು, ಲೌರ್‌ಬಾಖ್ ನೀರಂಚಿನದು. ಮೇಲಿನದು ಒಂದು ಕಾಲಕ್ಕೆ ಬಿಷಪ್ಪನ ಆಳ್ವಿಕೆಯಲ್ಲಿತ್ತು, ಕೆಳಗಿನದು ಪಾಳೆಯಗಾರನದು. ಬಿಷಪ್ಪನೂ ಇಲ್ಲ, ಪಾಳೆಯಗಾರನೂ ಇಲ್ಲ, ಆದರೆ ಮೇಲಿನವರು ಕೆಳಗಿನವರನ್ನು ಮೀನುತಲೆಗಳು ಅನ್ನುವುದು, ಕೆಳಗಿನವರು ಮೇಲಿನವರನ್ನು ಮೇಣದಬತ್ತಿಗಳು ಅನ್ನುವುದು ಇನ್ನೂ ನಿಂತಿಲ್ಲ. ಎರಡೂ ಊರು ಸೇರುವ ಇಳಿಜಾರಿನಲ್ಲಿ ಆ ಕಲ್ಲಿತ್ತು. ಅದರ ಒಂದು ಮುಖದಲ್ಲಿ ಬಿಷಪ್ಪನ ಕೋಲು, ಇನ್ನೊಂದರಲ್ಲಿ ಪಾಳೆಯಗಾರನ ಮೂರು ಮೀನು.

"ಯಾರ ಮೇಲಾದರೂ ಅನುಮಾನ?"

"ಹೇಳ್ಬೇಕಾ? ರಾಪರ್ಟ್‌ನ ಮಗಳು. ಹೋದ ತಿಂಗಳು ಅಪ್ಪನ ತಿಥಿ ಊಟದಲ್ಲೇ ಎದ್ದು ನಿಂತು, 'ಆ ಕಲ್ಲು ಕಿತ್ತು ನಿನ್ನ ಅಂಗಳಕ್ಕೆ ಎಸೀತೀನಿ' ಅಂದವಳು. ನೂರು ಜನ ಕೇಳಿದಾರೆ."

ಎಫ್‌ಐಆರ್ ದಾಖಲಾಯಿತು. ಕಳವು ಎಂದು ಬರೆಯಬೇಕೋ, ಎಲ್ಲೆಗುರುತು ನಾಶ ಎಂದು ಬರೆಯಬೇಕೋ ಎಂದು ಕಾನ್‌ಸ್ಟೇಬಲ್ ಟಿಲೋ ತಲೆ ಕೆರೆದುಕೊಂಡ. ಎರಡನ್ನೂ ಬರಿ ಅಂದಳು ರೊಸ್ವಿತಾ.

ಗುಡ್ಡ ಇಳಿಯುವಾಗ ಟಿಲೋ ಸುಮ್ಮನಿರಲಿಲ್ಲ. "ಮೇಡಂ, ಎಲ್ಲೆಕಲ್ಲು ಜರುಗಿಸಿದವನು ಸತ್ತ ಮೇಲೆ ಕೆಂಡದಂಥ ಕಲ್ಲು ಹೊತ್ಕೊಂಡು 'ಎಲ್ಲಿಡ್ಲಿ, ಎಲ್ಲಿಡ್ಲಿ' ಅಂತ ಹೊಲದಲ್ಲಿ ಅಲೀತಾನಂತೆ. ನಮ್ಮಜ್ಜಿ ಹೇಳ್ತಿದ್ಲು."

"ಎಷ್ಟು ದಿನ ಅಲೀತಾನಂತೆ?"

"ಯಾರಾದ್ರೂ 'ತಂದಲ್ಲೇ ಇಡೋ' ಅನ್ನೋ ತನಕ."

"ಸಿಕ್ಕಿದ್ರೆ ಹೇಳು. ನಮಗೂ ಕೆಲಸ ಕಡಿಮೆಯಾಗತ್ತೆ."

ಗುಂಡಿಯನ್ನು ನೋಡಿದ ಕೂಡಲೇ ರೊಸ್ವಿತಾಗೆ ಏನೋ ಸರಿಯಿಲ್ಲ ಅನ್ನಿಸಿತು. ಬೇರುಮಣ್ಣಿನ ಸಮೇತ ಹುಲ್ಲುಹೆಪ್ಪುಗಳನ್ನು ಚೌಕವಾಗಿ ಕೊಯ್ದು ಪಕ್ಕದಲ್ಲಿ ಸಾಲಾಗಿ ಇಟ್ಟಿದ್ದರು. ತೆಗೆದ ಮಣ್ಣು ಬಟ್ಟೆ ಹಾಸಿ ಸುರಿದಷ್ಟು ಅಚ್ಚುಕಟ್ಟಾಗಿ ಗುಡ್ಡೆಯಾಗಿತ್ತು, ಒಂದು ಹಿಡಿಯೂ ಬಳ್ಳಿಯ ಬುಡಕ್ಕೆ ಚೆಲ್ಲಿರಲಿಲ್ಲ. ಕಳ್ಳನಿಗೆ ಇಷ್ಟು ಮರ್ಯಾದೆ ಎಲ್ಲಿಯದು?

ಪಂಚನಾಮೆಗೆ ಜೆಂಟರನೂ ಸೇರಿ ಏಳು ಮಂದಿಯೂ ಬಂದು ನಿಂತಿದ್ದರು. ಈ ಏಳು ಮಂದಿ ಎಲ್ಲೆಕಲ್ಲುಗಳ ಕಾವಲುಗಾರರು. ಒಬ್ಬ ಸತ್ತರೆ ಉಳಿದ ಆರು ಜನ ಇನ್ನೊಬ್ಬನನ್ನು ಆರಿಸಿ, ಕೈ ಎತ್ತಿಸಿ ಆಣೆ ಮಾಡಿಸುತ್ತಾರೆ. ಕಲ್ಲು ನೆಡುವಾಗ ಅದರಡಿಯಲ್ಲಿ ಒಂದು ಗುರುತು ಹುಗಿಯುತ್ತಾರೆ. ಅದು ಏನು, ಹೇಗೆ ಜೋಡಿಸಿದ್ದು ಎಂಬುದು ಅವರೊಂದಿಗೆ ಮಣ್ಣಿಗೆ ಹೋಗಬೇಕು. ಕಲ್ಲನ್ನು ಯಾರು ಬೇಕಾದರೂ ಜರುಗಿಸಬಹುದು, ಅಡಿಯ ಗುರುತನ್ನು ಜರುಗಿಸಲಾಗದು, ಅದು ಇದ್ದಲ್ಲೇ ನಿಜವಾದ ಎಲ್ಲೆ. ಅವರು ಹೆಂಡತಿಯರಿಗೂ ಹೇಳುವುದಿಲ್ಲ. ನಾವು ಮನಸ್ಸು ಮಾಡಿ ಕೇಳಿಲ್ಲ ಅಷ್ಟೇ ಎಂದು ಊರ ಹೆಂಗಸರು ನಗುತ್ತಾರೆ.

"ಗುಂಡಿಯೊಳಗೆ ನೋಡಬೇಕು," ಅಂದಳು ರೊಸ್ವಿತಾ.

"ನಾವು ನೋಡ್ತೀವಿ," ಅಂದ ಜೆಂಟರ್. "ನೀವು ಆ ಕಡೆ ತಿರುಗಿ."

"ನಾನು ಪೊಲೀಸು."

"ಮೇಯರ್ ಬಂದ್ರೂ ತಿರುಗಲೇಬೇಕಮ್ಮ."

ಅವಳು ತಿರುಗಿದಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಕೃತ್ಯದ ಸ್ಥಳಕ್ಕೆ ಬೆನ್ನು ಹಾಕಿ ನಿಂತದ್ದು ಇದೇ ಮೊದಲು. ಹಿಂದೆ ಮಣ್ಣು ಕೆದಕುವ ಸದ್ದು ಕೇಳಿಸಿತು, ಬಹಳ ಹೊತ್ತು ಕೇಳಿಸಿತು, ಆಮೇಲೆ ನಿಂತಿತು. ಆಗ ಅವಳಿಗೆ ತನ್ನ ಪಕ್ಕದಲ್ಲೂ ಒಬ್ಬ ನಿಂತಿದ್ದಾನೆಂದು ಅರಿವಾಯಿತು. ಏಳು ಮಂದಿಯಲ್ಲಿ ಹಿರಿಯ, ಎಪ್ಪತ್ತೆರಡರ ಕಿಲಿಯಾನ್ ಅಮ್ರೈನ್.

"ಕಿಲಿಯಾನಜ್ಜ, ನೀವು ನೋಡಲ್ವಾ?"

"ನನಗೆ ಕಣ್ಣು ಮಂಜು, ತಾಯಿ. ಅವರು ನೋಡಿದ್ರೆ ಸಾಕು."

ಜೆಂಟರ್ ಕರೆದಾಗ ಅವಳು ತಿರುಗಿದಳು. ಆರು ಜನರ ಮುಖದಲ್ಲೂ ಬಣ್ಣವಿರಲಿಲ್ಲ. ಜೆಂಟರನದಂತೂ ಸುಣ್ಣವಾಗಿತ್ತು.

"ಏನಿತ್ತು?"

"ಹೇಳೋ ಹಾಗಿಲ್ಲ."

"ಏನಾದರೂ ಇತ್ತಾ?"

"ಅದನ್ನೂ ಹೇಳೋ ಹಾಗಿಲ್ಲ."

ಪಂಚನಾಮೆಯಲ್ಲಿ ಟಿಲೋ ಬರೆದದ್ದು ಇಷ್ಟು: ಗುಂಡಿ ಇದೆ, ಕಲ್ಲು ಇಲ್ಲ, ಸಾಕ್ಷಿಗಳು ಬಾಯಿ ಬಿಡುವುದಿಲ್ಲ.

ಮಧ್ಯಾಹ್ನ ಅವರು ಲೌರ್‌ಬಾಖ್‌ಗೆ ಇಳಿದರು. ವಾಲ್‌ಬುರ್ಗಾ ರಾಪರ್ಟ್ ತನ್ನ ಬ್ರೆಡ್ ಅಂಗಡಿಯಲ್ಲಿ ಒಲೆ ಗುಡಿಸುತ್ತಿದ್ದಳು. ಮೊಣಕೈವರೆಗೂ ಹಿಟ್ಟು.

"ಬರ್ತೀರಾ ಅಂತ ಗೊತ್ತಿತ್ತು," ಅಂದಳು. "ಮೀನುತಲೆ ಅಲ್ವಾ ನಾನು? ಮೇಲೆ ಏನು ಕಳೆದ್ರೂ ಕೆಳಗೆ ಹುಡುಕ್ತೀರಿ."

"ಕಲ್ಲು ಕಿತ್ತು ಎಸೀತೀನಿ ಅಂದಿದ್ರಂತೆ."

"ಅಂದಿದ್ದೆ. ಅಂದು ಮನೆಗೆ ಬಂದು ಅತ್ತುಬಿಟ್ಟೆ. ಹಿಟ್ಟು ಕಲೆಸಿದೆ."

"ಆ ಮಾತು ಯಾಕೆ ಬಂತು?"

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. ಕತೆ ಇಡೀ ಕಣಿವೆಗೆ ಗೊತ್ತಿದ್ದದ್ದೇ. ೧೯೭೯ರ ವಸಂತದಲ್ಲಿ ಮಳೆಗೆ ಗುಡ್ಡ ಜಾರಿತ್ತು. ಮಟ್ಟುಮಟ್ಟಾಗಿ ಕಟ್ಟಿದ ಕಲ್ಲುಗೋಡೆಗಳೂ ಎಲ್ಲೆಕಲ್ಲುಗಳೂ ಉರುಳಿದವು. ಅಂದಿನ ಏಳು ಮಂದಿ, ಜೆಂಟರನ ಅಪ್ಪ ಗಾಂಗೋಲ್ಫನ ಮುಂದಾಳತ್ವದಲ್ಲಿ, ಎಲ್ಲವನ್ನೂ ಮತ್ತೆ ನೆಟ್ಟರು. ಮೀನುಕಲ್ಲು ಬಳ್ಳಿಯ ಹನ್ನೊಂದು ಸಾಲು ಕೆಳಗೆ ಬಂದಿದೆ, ತನ್ನ ತೋಟದ ಒಳ್ಳೆಯ ಬಿಸಿಲಿನ ಭಾಗವೆಲ್ಲ ಗಾಂಗೋಲ್ಫನ ಪಾಲಾಗಿದೆ ಎಂದು ವಾಲ್‌ಬುರ್ಗಾಳ ಅಪ್ಪ ಲುಡ್ವಿಗ್ ರಾಪರ್ಟ್ ಕೂಗಿಕೊಂಡ. ಆಮೇಲೆ ಬಂದ ಸರ್ವೆಯವರು ತಮ್ಮ ಉಪಕರಣವನ್ನು ಆ ಕಲ್ಲಿನ ಮೇಲೇ ಇಟ್ಟು ಅಳೆದರು. ನಕ್ಷೆ ಕಲ್ಲಿಗೆ ಸರಿಯಾಗಿತ್ತು, ಏಕೆಂದರೆ ನಕ್ಷೆ ಮಾಡಿದ್ದೇ ಕಲ್ಲನ್ನು ನೋಡಿ. ಏಳು ಮಂದಿ ಆಣೆಯ ಮೇಲೆ ಸರಿ ಅಂದಾಗ ಒಬ್ಬ ಮೀನುತಲೆಯ ಮಾತನ್ನು ಯಾರು ಕೇಳುತ್ತಾರೆ?

"ಉಳಿದದ್ದನ್ನೂ ಮಾರಿದ್ರು. ಕಲ್ಲುಗಣಿಗೆ ಕೂಲಿಗೆ ಹೋದ್ರು," ಅಂದಳು ವಾಲ್‌ಬುರ್ಗಾ. "ನಾನು ಶಾಲೆಗೆ ಹೋಗ್ತಿದ್ರೆ ಹುಡುಗರು ಹಿಂದಿಂದ 'ಹನ್ನೊಂದು ಸಾಲು, ಹನ್ನೊಂದು ಸಾಲು' ಅಂತ ಕೂಗೋರು. ಅಪ್ಪನ ಹೆಸರೇ ಹನ್ನೊಂದು ಸಾಲಿನ ಹುಚ್ಚ ಅಂತಾಯ್ತು. ಪೆಟ್ಟಿಗೆಯಲ್ಲಿ ಮಲಗೋ ತನಕ ಅದೇ ಹೆಸರು. ಈಗ ನಾನು ಕಳ್ಳಿ. ಬರ್ಕೊಳ್ಳಿ."

ಅವಳ ವ್ಯಾನನ್ನು ಟಿಲೋ ತಪಾಸಣೆ ಮಾಡಿದ. ಹಿಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ಸಂಜೆಯ ಹೊತ್ತಿಗೆ ಊರು ತೀರ್ಪು ಕೊಟ್ಟಾಗಿತ್ತು. ಮಂಗಳವಾರ ಬೆಳಿಗ್ಗೆ ಅವಳ ಅಂಗಡಿಯ ಗಾಜಿನ ಮೇಲೆ ಯಾರೋ ಸುಣ್ಣದಲ್ಲಿ ಹನ್ನೊಂದು ಗೆರೆ ಎಳೆದಿದ್ದರು. ಬ್ರೆಡ್ಡು ಹಾಗೇ ಉಳಿಯಿತು.

ರೊಸ್ವಿತಾಗೆ ಆ ಗೆರೆಗಳು ಚುಚ್ಚಿದವು. ಚಿಕ್ಕವಳಿದ್ದಾಗ ಅವಳೂ ಆ ಹುಚ್ಚನ ಹೆಸರನ್ನು ಕೂಗಿದವಳೇ.

ಮಂಗಳವಾರವಿಡೀ ಹುಡುಕಿದರು. ರಸ್ತೆ, ಚರಂಡಿ, ನದಿ ದಡ, ಹಳೆಯ ದೋಣಿಕಟ್ಟೆ. ಕದ್ದ ಮಾಲು ರಸ್ತೆಗೆ ಇಳಿಯುತ್ತದೆ, ಭಾರದ್ದಾದರಂತೂ ಇಳಿಜಾರು ಹಿಡಿದೇ ಇಳಿಯುತ್ತದೆ, ಹಾಗೆಂದು ಎಲ್ಲರೂ ಕೆಳಗೇ ನೋಡಿದರು. ಬುಧವಾರ ಬೆಳಿಗ್ಗೆ ರೊಸ್ವಿತಾ ಒಬ್ಬಳೇ ಮತ್ತೆ ಗುಂಡಿಯ ಹತ್ತಿರ ಹೋದಳು. ಕಿಲಿಯಾನ್ ಅಲ್ಲಿದ್ದ. ಹುಲ್ಲುಹೆಪ್ಪುಗಳು ಒಣಗಬಾರದೆಂದು ನೀರು ಚಿಮುಕಿಸುತ್ತಿದ್ದ.

"ಯಾಕಜ್ಜ, ಬಿಡಿ."

"ಮತ್ತೆ ಮುಚ್ಚಬೇಕಲ್ಲ ತಾಯಿ. ಹುಲ್ಲು ಏನು ತಪ್ಪು ಮಾಡಿದೆ?" ನದಿಯಾಚೆ ನೋಡಿ, "ಬಕ ಬಂದಿದೆ. ಎರಡಿವೆ," ಅಂದ.

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಆಚೆ ದಡದ ಜೊಂಡಿನಲ್ಲಿ ಕಡ್ಡಿಯಂತೆ ಎರಡು ಬಕಗಳು ನಿಂತಿದ್ದವು. ಅವಳಿಗೇ ಕಷ್ಟಪಟ್ಟು ಕಂಡವು.

ಕಣ್ಣು ಮಂಜಲ್ಲ. ಹಾಗಾದರೆ ಸೋಮವಾರ ಗುಂಡಿಯೊಳಗೆ ಯಾಕೆ ನೋಡಲಿಲ್ಲ? ನೋಡುವ ಅಗತ್ಯವಿರಲಿಲ್ಲ, ಅದಕ್ಕೆ. ಅವತ್ತು ಬೆನ್ನು ತಿರುಗಿಸಿ ನಿಂತಾಗ ಅವನು ನದಿಯ ಕಡೆಯೂ ನೋಡುತ್ತಿರಲಿಲ್ಲ, ಗುಡ್ಡದ ಮೇಲಕ್ಕೆ ನೋಡುತ್ತಿದ್ದ. ಅವಳು ಈಗ ಅತ್ತ ನೋಡಿದಳು. ಗುಡ್ಡದ ಸಾಲುಗಳ ನಡುವೆ ಹಾಸಿದ ಒಣಹುಲ್ಲೆಲ್ಲ ಚಳಿಗಾಲಕ್ಕೆ ಕಪ್ಪಾಗಿತ್ತು. ಒಂದು ಓಣಿಯಲ್ಲಿ ಮಾತ್ರ ಹೊಸದಾಗಿ ಹಾಸಿದ ಒಣಹುಲ್ಲು ಹಳದಿಯಾಗಿ, ನೇರ ಮೇಲಕ್ಕೆ ಹೋಗಿತ್ತು.

ಅವಳು ಸಾಲು ಎಣಿಸುತ್ತಾ ಹತ್ತಿದಳು. ಹುಲ್ಲಿನ ಕೆಳಗೆ ಚಕ್ರವಿಲ್ಲದ ಮರದ ಜಾರುಬಂಡಿ ಎಳೆದ ಗೀರಿತ್ತು. ಹನ್ನೊಂದನೆಯ ಸಾಲಿನಲ್ಲಿ ಮುರಿದ ಗೋಡೆಯ ಮೂಲೆ, ಬಿಳಿ ಹೂ ಬಿಟ್ಟ ಮುಳ್ಳುಪೊದೆ. ಅದರ ಹಿಂದೆ ಮೀನುಕಲ್ಲು ನೆಟ್ಟಗೆ ನಿಂತಿತ್ತು. ಸುತ್ತ ಮಣ್ಣು ಒತ್ತಿ, ಹುಲ್ಲುಹೆಪ್ಪು ಕೂರಿಸಿ, ನೀರು ಹಾಕಿದ್ದರು. ಕಳವಾದ ಕಲ್ಲಲ್ಲ ಅದು, ನೆಟ್ಟ ಕಲ್ಲು.

ಮೇಲಿನ ದಾರಿಯ ಕಂಬದಲ್ಲಿ ಉಕ್ಕಿನ ಹಗ್ಗ ಉಜ್ಜಿದ ಹೊಳಪು ಗುರುತಿತ್ತು. ನೇಗಿಲನ್ನು ಗುಡ್ಡಕ್ಕೆ ಎಳೆಯುವ ಹಳೆಯ ಪೆಟ್ರೋಲ್ ರಾಟೆಯನ್ನು ಇನ್ನೂ ಇಟ್ಟುಕೊಂಡವನು ಊರಿನಲ್ಲಿ ಒಬ್ಬನೇ. ಅವನು ಕೆಳಗೆ ನೀರಿನ ಕ್ಯಾನು ಹಿಡಿದು ಅವಳನ್ನೇ ನೋಡುತ್ತಿದ್ದ.

ಠಾಣೆಗೆ ಅವನು ಮರುಮಾತಿಲ್ಲದೆ ಬಂದ.

"ಕಲ್ಲು ನೀವೇ ಕಿತ್ತಿರಾ?"

"ಹೌದು."

"ಯಾವಾಗ?"

"ಭಾನುವಾರ ಬೆಳಿಗ್ಗೆ. ಎರಡೂ ಊರು ಚರ್ಚಿನಲ್ಲಿತ್ತು."

"ಯಾರಾದರೂ ಜೊತೆಗಿದ್ರಾ?"

"ಇಲ್ಲ. ಅವಳಂತೂ ಅಲ್ಲ."

"ಯಾಕೆ?"

ಅವನು ತನ್ನ ಕೈಗಳನ್ನು ನೋಡಿಕೊಂಡ. "ಆಣೆ ಇದೆ."

ರೊಸ್ವಿತಾ ಪೆನ್ನು ಕೆಳಗಿಟ್ಟಳು. ಆಮೇಲೆ, "ಅಡಿಯಲ್ಲಿ ಏನಿದೆ ಅಂತ ನಾನು ಕೇಳಲ್ಲ, ಅಜ್ಜ. ಮೇಲಿನ ಜಾಗವನ್ನೂ ಉಳಿದ ಆರು ಜನ ತೆಗೆದು ನೋಡಲಿ. ಆಗಬಹುದಾ?" ಅಂದಳು.

ಅವನು ತಲೆಯಾಡಿಸಿದ. ಅವನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಅಂದು ಸಂಜೆ ಅವಳು ಎರಡನೆಯ ಸಲ ಬೆನ್ನು ತಿರುಗಿಸಿ ನಿಂತಳು. ಈ ಸಲ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವಳು ತಿರುಗಿದಾಗ ಆರು ಜನರೂ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಜೆಂಟರನ ಮಂಡಿಗೆ ಮಣ್ಣು ಮೆತ್ತಿತ್ತು.

"ಏನಾದರೂ ಹೇಳೋದಿದೆಯಾ?"

"ಹೇಳೋ ಹಾಗಿಲ್ಲ." ಜೆಂಟರ್ ಮಂಡಿಯ ಮಣ್ಣು ಕೊಡವಿಕೊಂಡು, "ಕಲ್ಲು ಇಲ್ಲೇ ಇರಲಿ," ಅಂದ.

ಹನ್ನೊಂದು ಸಾಲು, ಅವನಪ್ಪನ ಹೆಸರು, ಎರಡನ್ನೂ ಆ ಮೂರು ಮಾತಿನಲ್ಲಿ ಅವನು ಬಿಟ್ಟುಕೊಟ್ಟಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಬೇಲಿಯ ಮಗನಿಗೆ ಅದು ಇವತ್ತು ತಿಳಿಯಿತು. ದೂರು ವಾಪಸ್ ತಗೋತೀನಿ ಎಂದ. ಎಲ್ಲೆಕಲ್ಲಿನ ಪ್ರಕರಣದಲ್ಲಿ ಅದು ಸಾಧ್ಯವಿಲ್ಲ ಎಂದು ರೊಸ್ವಿತಾ ಹೇಳಬೇಕಾಯಿತು. ಸರಿಯಾದ ಜಾಗದಲ್ಲಿಟ್ಟರೂ ಒಬ್ಬನೇ ಇಟ್ಟದ್ದು ಅಪರಾಧವೇ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಕಿಲಿಯಾನ್ ಅಮ್ರೈನ್‌ನ ಬಂಧನ ದಾಖಲಾಯಿತು. ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಜೀಪು ಕಾಯುತ್ತಿರುವಾಗ ವಾಲ್‌ಬುರ್ಗಾ ಬಂದಳು. ಅಂಗಡಿಯ ಏಪ್ರನ್ ಕೂಡ ಬಿಚ್ಚಿರಲಿಲ್ಲ.

"ನಿಮಗೆ ಗೊತ್ತಿತ್ತಾ?" ಅಂದಳು. "ಆಗಿನಿಂದಲೂ?"

ಕಿಲಿಯಾನ್ ತಲೆ ಎತ್ತಲಿಲ್ಲ. "ಆಗ ನಾನು ಏಳು ಮಂದಿಯಲ್ಲಿ ಚಿಕ್ಕವನು."

"ನಲವತ್ತು ವರ್ಷ ಚಿಕ್ಕವರೇ ಆಗಿದ್ರಾ? ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಿ. ಅಪ್ಪ ಇರುವಾಗ ಆ ಬುದ್ಧಿ ಎಲ್ಲಿ ಹೋಗಿತ್ತು?"

ಟಿಲೋ ಕಿಟಕಿಯ ಕಡೆ ತಿರುಗಿದ. ತನ್ನಜ್ಜಿಯ ಕತೆಯನ್ನು ಅವನು ಆಮೇಲೆ ಯಾರಿಗೂ ಹೇಳಲಿಲ್ಲ.

"ಒಂದು ಮಾತು ಹೇಳಬಹುದು. ಅದಕ್ಕೆ ಆಣೆಯಿಲ್ಲ," ಅಂದ ಕಿಲಿಯಾನ್. "ಜನವರಿಯಲ್ಲಿ ನಿಮ್ಮಪ್ಪನ್ನ ನೋಡೋಕೆ ಬಂದಿದ್ದೆ. ನೀನು ಒಳಗೆ ಸೂಪು ಬಿಸಿ ಮಾಡ್ತಿದ್ದೆ. ಅವನು ನನ್ನ ಕೈ ಹಿಡ್ಕೊಂಡ. 'ಕಿಲಿಯಾನ್, ಕಲ್ಲು ಬೇಡ, ತೋಟ ಬೇಡ. ನಾನು ಹುಚ್ಚನಾ ಅಂತ ಅಷ್ಟು ಹೇಳು' ಅಂದ."

"ನೀವೇನಂದ್ರಿ?"

"ನಿದ್ದೆ ಮಾಡು, ಲುಡ್ವಿಗ್, ಅಂದೆ."

ವಾಲ್‌ಬುರ್ಗಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಹೊರಗೆ ಮೊದಲು ಎಬರ್ಸ್‌ಫುರ್ಟ್‌ನ ಗಂಟೆ, ಆಮೇಲೆ ಎಂದಿನಂತೆ ಸ್ವಲ್ಪ ತಡವಾಗಿ ಲೌರ್‌ಬಾಖ್‌ನದು ಹೊಡೆಯಿತು.

"ಮಾಡಲಿಲ್ಲ," ಅಂದಳು. "ಅವತ್ತು ಬೆಳಗಾಗೋವರೆಗೂ ಕಣ್ಣು ಬಿಟ್ಕೊಂಡೇ ಇದ್ರು."