ತಾಳದ ಕರಡಿಯ ಬೆನ್ನಿನ ತಿರುಪು

ತಿರುಪೆ? ಅಲ್ಲ, ಅದು ಮನೆಮನೆಗೆ ಹೋಗಿ ಬೇಡುವುದು. ತಿರುಪತಿಯಂತೂ ಅಲ್ಲವೇ ಅಲ್ಲ. ಮೂಗುತಿಯ ತಿರುಪು, ಆಟಿಕೆಯ ಬೆನ್ನಿನ ತಿರುಪು, ಇವನ್ನೆಲ್ಲ ಬಿಚ್ಚುವ ಪುಟ್ಟ ಸಾಧನಕ್ಕೆ ನಮ್ಮೂರಲ್ಲಿ ಒಂದು ಹೆಸರಿತ್ತು. ಈ ಜಬಲ್‌ಪುರದಲ್ಲಿ ಎಲ್ಲರೂ ಪೇಚಕಸ್ ಅನ್ನುತ್ತಾರೆ. ನಾನೂ ನಲವತ್ತು ವರ್ಷ ಹಾಗೇ ಅಂದೆ. ನಮ್ಮೂರಿನ ಹೆಸರು ಬಾಯಿಯವರೆಗೆ ಬಂದು ನಿಂತಿದೆ, ಹೊರಗೆ ಬರುತ್ತಿಲ್ಲ. ಇರಲಿ. ಕತೆಯಲ್ಲಿ ಆ ಸಾಧನ ಬರುತ್ತದೆ, ಅಷ್ಟರಲ್ಲಿ ಹೆಸರೂ ಬಂದೀತು.

ಏಳು ಬೆಟ್ಟಗಳ ಆಚೆ, ಈಗ ಯಾರ ನೆನಪಿಗೂ ಎಟುಕದಷ್ಟು ಹಿಂದೆ, ಗಿಲಕಾಪುರ ಎಂಬ ರಾಜ್ಯವಿತ್ತು. ಅಲ್ಲಿ ಮನೆಮನೆಯಲ್ಲೂ ಅಂಗೈಯಗಲದ ಆಟಿಕೆಗಳಿದ್ದವು. ಹೊಟ್ಟೆಯೊಳಗೆ ಒಂದು ಶೆಲ್ಲು, ಕಣ್ಣಿನಲ್ಲಿ ಒಂದು ಕೆಂಪು ದೀಪ. ಗುಂಡಿ ಒತ್ತಿದರೆ ಹಾಡುತ್ತಿದ್ದವು. ಅವು ಕೆಟ್ಟರೆ ಬಿಚ್ಚಿ ಸರಿಮಾಡುವವಳು ಸಿದ್ದಜ್ಜಿ. ಅವಳ ಮೊಮ್ಮಗಳು ದೇವೀರಿ, ಮದುವಣಗಿತ್ತಿಯರಿಗೆ ಮೂಗುತಿ ಕೂಡಿಸುವ ಕೆಲಸದವಳು. ಆ ಮನೆಯಲ್ಲಿ ಇದ್ದದ್ದು ಇವರಿಬ್ಬರೇ. ಸಿದ್ದಜ್ಜಿಯ ಕೈ ಮೆತ್ತಗೆ, ಬಾಯಿ ಜೋರು. ಮೊಮ್ಮಗಳನ್ನು ಅವಳು ದಿನಕ್ಕೆ ನೂರು ಸಲ ಕರೆಯುತ್ತಿದ್ದಳು, ನೂರು ಸಲವೂ ಬೈಯುವುದಕ್ಕೇ.

ಒಮ್ಮೆ ದೇವೀರಿ ಪಕ್ಕದ ರಾಜ್ಯದ ಮದುವೆಗೆ ಮೂಗುತಿ ಕೂಡಿಸಲು ಹೋದಳು. ಹನ್ನೆರಡು ದಿನ ಬಿಟ್ಟು ಬಂದಾಗ ಊರ ಬಾಗಿಲಲ್ಲಿ ಕಾವಲುಗಾರ ಅವಳನ್ನು ಯಾರು ಎಂದು ಕೇಳಲಿಲ್ಲ. ಸಂತೆಯಲ್ಲಿ ಸೊಪ್ಪಿನವಳು ಬಾಯಿ ತೆರೆದಳು, ಸದ್ದು ಹೊರಡಲಿಲ್ಲ. ನಾಯಿಗಳು ಬೊಗಳುವಂತೆ ತಲೆ ಎತ್ತಿ ಸುಮ್ಮನೆ ಇಳಿಸಿದವು. ದೇವೀರಿ ಓಡಿ ಮನೆಗೆ ಬಂದಳು. ಸಿದ್ದಜ್ಜಿ ಅವಳನ್ನು ನೋಡಿ ಬೈಯಲು ಬಾಯಿ ತೆರೆದಳು. ತುಟಿ ಅಲುಗಿತು, ಅಷ್ಟೇ.

ಬಿರಡೆಮಲ್ಲನೆಂಬ ಮಾಂತ್ರಿಕ ಬಂದುಹೋಗಿದ್ದ. ಅವನಿಗೆ ಸ್ವಂತ ದನಿ ಇರಲಿಲ್ಲ. ಇನ್ನೊಬ್ಬರ ದನಿ ಕದ್ದು, ಆಟಿಕೆಯೊಳಗೆ ತುಂಬಿ, ತಿರುಪು ಬಿಗಿದು ಇಟ್ಟುಕೊಂಡು, ಅದರಲ್ಲೇ ಮಾತಾಡುತ್ತಿದ್ದ. ಗಿಲಕಾಪುರದ ದನಿಗಳನ್ನೆಲ್ಲ ಮೂರು ಆಟಿಕೆಗಳಲ್ಲಿ ಬಿಗಿದು ಏಳನೆಯ ಬೆಟ್ಟಕ್ಕೆ ಒಯ್ದಿದ್ದ. ದನಿಗಳ ಜೊತೆಗೆ ಸಾಮಾನುಗಳ ಹೆಸರುಗಳೂ ಹೋಗಿದ್ದವು.

ಸಿದ್ದಜ್ಜಿ ಏಳನೆಯ ಬೆಟ್ಟದ ಕಡೆ ಕೈ ತೋರಿಸಿ, ತನ್ನ ಸಾಧನಗಳ ಬಟ್ಟೆಸುರುಳಿಯನ್ನು ಮೊಮ್ಮಗಳ ಕೈಗಿಟ್ಟಳು. ಇದಕ್ಕೆ ಏನನ್ನುತ್ತಾರೆ ಎಂದು ದೇವೀರಿ ಯೋಚಿಸಿದಳು. ನೆನಪಾಗಲಿಲ್ಲ.

ಏಳು ದಿನದ ದಾರಿ. ದಾರಿಯುದ್ದಕ್ಕೂ ಒಬ್ಬಳೇ. ದಿನಾ ಬೆಳಗ್ಗೆ ಎದ್ದು, "ದೇವೀರಿ" ಎಂದು ತನ್ನನ್ನು ತಾನೇ ಕೂಗಿಕೊಂಡು, "ಏನಜ್ಜೀ" ಎಂದು ತಾನೇ ಓಗೊಟ್ಟು ಹೊರಡುತ್ತಿದ್ದಳು. ನಾಲ್ಕನೆಯ ದಿನದಿಂದ ಹಾಗೆ ಕೂಗಿಕೊಳ್ಳುವುದು ನಾಚಿಕೆಯೆನಿಸಿ ಬಿಟ್ಟಳು.

ಬೆಟ್ಟದ ಬುಡದಲ್ಲಿ ಕಲ್ಲಿನ ಮೇಲೆ ಒಂದು ತಗಡಿನ ಕಪ್ಪೆ ಕೂತಿತ್ತು.

"ಯಾರಮ್ಮ ನೀನು?" ಎಂದಿತು.

"ದೇವೀ..." ಎಂದಳು. ಮುಂದಿನ ಅಕ್ಷರ ಸಿಗಲಿಲ್ಲ.

"ಸವೆಯುತ್ತಿದೆ," ಎಂದಿತು ಕಪ್ಪೆ. "ಯಾರೂ ಕರೆಯದ ಹೆಸರು ಹಾಗೇ ಸವೆಯುತ್ತದೆ. ಪೂರ್ತಿ ಸವೆದು, ನಿನ್ನನ್ನು ಕರೆಯುವವರೂ ಯಾರೂ ಇಲ್ಲ ಅಂದರೆ, ನೀನೂ ಮಲ್ಲನ ಗೋಡೆಯ ಮಾಡಿನಲ್ಲಿ ಒಂದು ಆಟಿಕೆ. ಬಿಚ್ಚುವುದಾದರೆ ಬೇಗ ಬಿಚ್ಚು. ತಪ್ಪು ಸಾಧನ ಹಾಕಿ ತಿರುಪಿನ ತಲೆ ಸವೆಸಿದೆಯೋ, ಆಮೇಲೆ ದೇವರು ಬಂದರೂ ಬಿಚ್ಚಲಾರ."

ಕಪ್ಪೆಯ ಹೊಟ್ಟೆಯ ತಿರುಪಿನ ತಲೆಯಲ್ಲಿ ಒಂದೇ ಉದ್ದ ಗೀರು. ಕೈಗೆ ಮೊದಲು ಸಿಕ್ಕಿದ್ದು ತೆಳ್ಳನೆಯದು. ಅದು ಗೀರಿನೊಳಗೆ ಇಳಿಯಿತು, ಆದರೆ ಅತ್ತಿತ್ತ ಆಡಿತು. ಒಳಗೆ ಹೋದರೆ ಸಾಲದು ಕಣೇ, ಗೀರು ತುಂಬಬೇಕು ಎಂದು ಅಜ್ಜಿ ಅನ್ನುತ್ತಿದ್ದದ್ದು ನೆನಪಾಯಿತು. ಆಡುವ ತುದಿ ಅಂಚನ್ನು ತಿನ್ನುತ್ತದೆ. ಅವಳು ಒಂದೊಂದೇ ಇಟ್ಟು ನೋಡಿ, ಗೀರಿನ ಈ ಕೊನೆಯಿಂದ ಆ ಕೊನೆಗೆ ಸರಿಯಾಗಿ ಕೂರುವುದನ್ನು ಆರಿಸಿದಳು. ಬಲವಾಗಿ ಒತ್ತಿ, ಹಗುರವಾಗಿ ಎಡಕ್ಕೆ ತಿರುಗಿಸಿದಳು. ಕಪ್ಪೆ ಬಾಯಿಬಿಟ್ಟಿತು.

ಒಳಗಿನಿಂದ ಇಡೀ ಸಂತೆ ಹೊರಬಂತು. "ದಂಟಿನ ಸೊಪ್ಪೂ", "ಸರಿಯಮ್ಮ ಆಚೆ", "ನಿನ್ನ ಬದನೆಕಾಯಿ ನೀನೇ ತಿನ್ನು" ಎನ್ನುತ್ತ ದನಿಗಳು ಊರಿನ ಕಡೆ ಹಾರಿದವು. ನಾಯಿಗಳ ದನಿ ಕೊನೆಗೆ ಹೋಯಿತು. ಒಂದು ದನಿಯೂ ಅವಳನ್ನು ಹೆಸರಿಡಿದು ಕರೆಯಲಿಲ್ಲ. ಅವಕ್ಕೆ ಮನೆಯ ಆತುರ.

ಬೆಟ್ಟದ ನಡುವೆ ಪ್ಲಾಸ್ಟಿಕ್ ಗಿಣಿ.

"ಯಾರಮ್ಮ ನೀನು?"

"ದೇ..." ಎಂದಳು. ಅಷ್ಟೇ ಉಳಿದಿತ್ತು.

ಗಿಣಿಯ ಬೆನ್ನಿನ ತಿರುಪಿಗೆ ಕೂಡುವ ಗುರುತಿನ ಗೀರು. ಸುರುಳಿಯಲ್ಲಿ ಅಂಥದೇ ತುದಿಯ ಸಾಧನವಿತ್ತು. ಇದೇನು ಸುಲಭ ಎಂದು ಇಟ್ಟು ತಿರುಗಿಸಿದಳು. ತುದಿ ಮೇಲಕ್ಕೆದ್ದು ಜಾರಿತು. ತಿರುಪಿನ ತಲೆಯಿಂದ ಕೂದಲೆಳೆಯಷ್ಟು ಲೋಹ ಎದ್ದು ಬಂತು.

ಗಿಣಿ ನಕ್ಕಿತು. "ಇನ್ನೊಂದು ಸಲ ಹೀಗೇ ಮಾಡು ತಾಯಿ. ಅರಮನೆಯ ಮುನ್ನೂರು ನಾಲಿಗೆ ನನ್ನಲ್ಲೇ ಉಳಿಯುತ್ತವೆ. ಒಳ್ಳೆ ಜೊತೆ."

ಅವಳು ಸಾಧನ ಕೆಳಗಿಟ್ಟು ತಿರುಪನ್ನು ಬಿಸಿಲಿಗೆ ಹಿಡಿದು ನೋಡಿದಳು. ಕೂಡುವ ಗುರುತಿನ ಪಕ್ಕ ಸಾಸಿವೆಗಿಂತ ಸಣ್ಣ ಒಂದು ಚುಕ್ಕೆ. ಅಜ್ಜಿ ಅದನ್ನು ತೋರಿಸಿದ್ದಳು: ನೋಡೋದಕ್ಕೆ ಒಂದೇ ಥರ, ಆದರೆ ಚುಕ್ಕೆಯಿರುವುದು ಬೇರೆ ಸೀಮೆಯ ತಿರುಪು. ಅದರ ಗುಳಿ ಆಳವಿಲ್ಲ. ಚೂಪು ತುದಿ ತಳಕ್ಕೆ ತಾಗಿ ನಿಲ್ಲುತ್ತದೆ, ಬದಿಗಳು ಹಿಡಿಯುವುದಿಲ್ಲ. ಅವಳು ಸಾಧನದ ಮೂತಿಯನ್ನು ಕಲ್ಲಿಗೆ ಉಜ್ಜಿದಳು. ಚೂಪು ಹೋಗುವಷ್ಟು ಮಾತ್ರ. ಉಜ್ಜುವುದು, ಇಟ್ಟು ನೋಡುವುದು, ಮತ್ತೆ ಉಜ್ಜುವುದು. ಮಧ್ಯಾಹ್ನ ಇಳಿಯುವ ಹೊತ್ತಿಗೆ ತುದಿ ಅಲ್ಲಾಡದೆ ಕೂತಿತು. ಗಿಣಿಯ ಬೆನ್ನು ತೆರೆಯಿತು.

ಎಲ್ಲಕ್ಕಿಂತ ಮೊದಲು ರಾಜನ ದನಿ ಹೊರಬಂತು. "ಊಟಕ್ಕೆ ಏನು ಮಾಡಿದ್ದಾರೆ?" ಎಂದಿತು. ಹಿಂದೆಯೇ ಮುನ್ನೂರು ದನಿ, ಏನೇನು ಮಾಡಿದೆ ಎಂದು ಹೇಳುತ್ತ ಹಾರಿಹೋದವು. ಮತ್ತೆ ಅವಳೊಬ್ಬಳೇ.

ಬೆಟ್ಟದ ತುದಿಯ ಗುಹೆಯಲ್ಲಿ ಗೋಡೆಯ ತುಂಬ ಮಾಡುಗಳು. ಒಂದರಲ್ಲಿ ತಾಳ ಹಿಡಿದ ಪುಟ್ಟ ಕರಡಿ. ಪಕ್ಕದ ಮಾಡು ಖಾಲಿಯಿತ್ತು, ಹೊಸದಾಗಿ ಒರೆಸಿಟ್ಟಂತೆ.

"ಯಾರಮ್ಮ ನೀನು?" ಎಂದಿತು ಕರಡಿ.

ಹುಡುಗಿ ಬಾಯಿ ತೆರೆದಳು. ಹೇಳಲು ಏನೂ ಇರಲಿಲ್ಲ. ಅವಳ ಬೆರಳ ತುದಿಗಳು ತಣ್ಣಗೆ, ತಗಡಿನ ಹಾಗೆ ಆಗತೊಡಗಿದವು.

ಕರಡಿಯ ಬೆನ್ನಿನ ತಿರುಪಿನಲ್ಲಿ ಮೂರು ಕವಲು, ಬಿಲ್ವದ ಎಲೆಯ ಹಾಗೆ. ಸುರುಳಿ ಪೂರ್ತಿ ಬಿಡಿಸಿದಳು. ಮೂರು ಕವಲಿನ ತುದಿ ಒಂದೂ ಇರಲಿಲ್ಲ. ಚಪ್ಪಟೆ ತುದಿಯದನ್ನು ತುರುಕಿ ತಿರುಗಿಸಿಬಿಡೋಣ ಎಂದು ಕೈ ಹೋಯಿತು. ತಡೆದಳು. ಮೂಗುತಿಯ ಕೆಲಸದವಳ ಸೆರಗಿನ ಗಂಟಿನಲ್ಲಿ ಅರಗು ಯಾವಾಗಲೂ ಇರುತ್ತದೆ. ಅದನ್ನು ಕಾಯಿಸಿ, ಒಂದು ಕಡ್ಡಿಯ ತುದಿಗೆ ಮೆತ್ತಿ, ಮೆತ್ತಗಿರುವಾಗಲೇ ತಿರುಪಿನ ಗುಳಿಗೆ ಒತ್ತಿ ಹಿಡಿದಳು. ಆರಿದ ಮೇಲೆ ಅದೇ ಮೂರು ಕವಲಿನ ತುದಿಯಾಗುತ್ತದೆ. ಆರುವ ತನಕ ಅಲುಗಿಸಬಾರದು.

ಆಗ ಬಿರಡೆಮಲ್ಲ ಬಂದ. ಸಂತೆಯ ದನಿ ಹೋಗಿತ್ತು, ಅರಮನೆಯ ದನಿ ಹೋಗಿತ್ತು. ಅವನಿಗೆ ಉಳಿದಿದ್ದು ಒಂದೇ ದನಿ. ಸಿದ್ದಜ್ಜಿಯ ದನಿಯಲ್ಲಿ ಮಾತಾಡಿದ.

"ಬಂಗಾರಿ, ಬಿಚ್ಚಬೇಡ. ಊರಿಗೆ ಹೋಗಿ ಏನು ಮಾಡುತ್ತೀ? ಇಲ್ಲೇ ಇರು. ದಿನಾ ನಿನ್ನ ಹತ್ತಿರ ಮಾತಾಡುತ್ತೇನೆ."

ಇಪ್ಪತ್ತು ದಿನವಾಗುತ್ತ ಬಂದಿತ್ತು ಆ ದನಿ ಕೇಳಿ. ಹುಡುಗಿಯ ಕಣ್ಣು ತುಂಬಿತು. ಕೈ ಸಡಿಲವಾಯಿತು. ಅಜ್ಜಿ ತನ್ನನ್ನು ಯಾವತ್ತಾದರೂ ಬಂಗಾರಿ ಅಂದಿದ್ದಳೇ?

"ನನ್ನ ಹೆಸರು ಹೇಳು," ಎಂದಳು.

"ಬಂಗಾರಿ."

"ಹೋಗಲಿ, ಈ ಸುರುಳಿಯಲ್ಲಿರುವುದಕ್ಕೆ ಏನನ್ನುತ್ತಾರೆ?"

ದನಿ ಕದ್ದವನಿಗೆ ಮಾತು ಗೊತ್ತಿರಲಿಲ್ಲ. ಅವನು ತಡವರಿಸಿದ. "ತಿರು... ತಿರುಪೆ," ಎಂದ.

ಅವಳಿಗೂ ಸರಿಯಾದ ಹೆಸರು ನೆನಪಿರಲಿಲ್ಲ. ಆದರೆ ಇದಲ್ಲ ಎಂದು ಗೊತ್ತಾಯಿತು. ಅರಗು ಆರಿತ್ತು. ಒತ್ತಿದಳು, ಎಡಕ್ಕೆ ತಿರುಗಿಸಿದಳು. ಕರಡಿಯ ಬೆನ್ನು ತೆರೆಯಿತು.

"ತಿರುಪೆಯಂತೆ ತಿರುಪೆ," ಎಂದು ಬೈಯುತ್ತಲೇ ಹೊರಬಂತು ಸಿದ್ದಜ್ಜಿಯ ದನಿ. "ಜೋಳಿಗೆ ಹಿಡಿದು ಬೇಡುವುದೇನೋ ಅದು? ತಿರುಪಿಗೆ ಹಾಕುವ ಉಳಿ ಕಣೋ, ತಿರುಪುಳಿ. ದೇವೀರಿ, ಏನು ಬಾಯಿಬಿಟ್ಟುಕೊಂಡು ನಿಂತಿದ್ದೀ? ಬಿಚ್ಚಿದ್ದನ್ನು ಮುಚ್ಚಿಡುವುದು ಯಾರು, ನಿಮ್ಮಪ್ಪನೇ?"

"ಏನಜ್ಜೀ," ಎಂದಳು ದೇವೀರಿ. ಅವಳ ಬೆರಳುಗಳು ಬೆಚ್ಚಗಾದವು. ಕಣ್ಣೀರು ಒರೆಸದೆ ಕರಡಿಯನ್ನು ಮುಚ್ಚಿದಳು. ಮುಚ್ಚುವಾಗ ತಿರುಪನ್ನು ಮೊದಲು ಹಿಂದಕ್ಕೆ ತಿರುಗಿಸಬೇಕು. ಹಳೆಯ ಹಾದಿ ಸಿಕ್ಕಾಗ ಅದು ಟಕ್ ಎಂದು ಒಳಗೆ ಇಳಿಯುತ್ತದೆ. ಆಮೇಲೆ ಮುಂದಕ್ಕೆ ತಿರುಗಿಸಿದರೆ ಗಟ್ಟಿ.

ಬಿರಡೆಮಲ್ಲನ ಬಾಯಿ ಅಲುಗುತ್ತಿತ್ತು, ಸದ್ದಿರಲಿಲ್ಲ. ದೇವೀರಿ ಅವನನ್ನೂ ಕರೆದುಕೊಂಡು ಬಂದಳು. ಸಿದ್ದಜ್ಜಿ ಅವನನ್ನು ಅಂಗಡಿಯಲ್ಲಿ ಕೂರಿಸಿ ತುಕ್ಕು ಉಜ್ಜಲು ಹಚ್ಚಿದಳು, ದಿನವಿಡೀ ಬೈದಳು. ಬೈಗುಳ ಕೇಳಿ ಕೇಳಿ ಮೂರನೆಯ ವರ್ಷ ಅವನ ಗಂಟಲಿನಿಂದ ಅವನದೇ ಒಂದು ದನಿ ಹೊರಟಿತು. ಹೊರಟ ಮೊದಲ ಮಾತು, "ಆಯ್ತು ಅಜ್ಜಿ." ಗಿಲಕಾಪುರದವರು ಅಂದಿನಿಂದ ದಾರಿಯಲ್ಲಿ ಎದುರಾದವರನ್ನು ಹೆಸರಿಡಿದು ಕರೆಯದೆ ಮುಂದೆ ಹೋಗಲಿಲ್ಲ, ಎಲ್ಲರೂ ಸುಖವಾಗಿ ಬಾಳಿದರು.

ತಿರುಪುಳಿ. ಹಿಂದಕ್ಕೆ ಹೋಗಿ ಹೋಗಿ ಟಕ್ ಅಂತು ನೋಡು. ಈ ಊರಿನಲ್ಲಿ ನಾನು ಎಲ್ಲರಿಗೂ ದಾದಿ, ಅಂದರೆ ಅಜ್ಜಿ, ಇಲ್ಲವೇ ಮಾತಾಜಿ. ಜೂಹಿ, ನಿನ್ನಪ್ಪನ ಆ ಹಳೇ ಕರಡಿಯನ್ನು ಆಮೇಲೆ ಬಿಚ್ಚೋಣ, ಮೊದಲು ಪೆನ್ನು ತಾ. ಕನ್ನಡದಲ್ಲೇ ಬರಿ ಮಗಳೇ, ನಿಧಾನಕ್ಕೆ ಹೇಳುತ್ತೇನೆ: ತಿ, ರು, ಪು, ಳಿ. ಬರೆದೆಯಾ? ಅದರ ಕೆಳಗೆ ನನ್ನ ಹೆಸರನ್ನೂ ಬರಿ.