ಬೆರಕೆ ಜೋಳದ ಪಂಚನಾಮೆ

1944ನೇ ಇಸವಿ ಜನವರಿ 24, ಸೋಮವಾರ. ಬೆಳಿಗ್ಗೆ ಏಳೂವರೆಗೆ ತಿಕೋಟಾ ಪೊಲೀಸ್ ಠಾಣೆಯ ಮುಂದೆ ಹದಿನಾಲ್ಕು ಹುಡುಗರು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದರು. ಸಾಲಿನ ಮುಂದೆ ಬಿಳಿ ಸೀರೆ ಉಟ್ಟ ಕಾಶಿಬಾಯಿ. ವಿಜಾಪುರದಲ್ಲಿ ಇಪ್ಪತ್ತು ವರ್ಷ ಹೆಣ್ಣುಮಕ್ಕಳಿಗೆ ಕಲಿಸಿ ಊರಿಗೆ ಮರಳಿದ ಈ ವಿಧವೆಯನ್ನು ತಿಕೋಟಾದವರೆಲ್ಲ ಅಕ್ಕೋರು ಎಂದು ಕರೆಯುತ್ತಿದ್ದರು. ಅವರು ಠಾಣೆಗೆ ಬಂದದ್ದು ಇದೇ ಮೊದಲೇನಲ್ಲ. ಹಿಂದೆಲ್ಲ ಬಂದದ್ದು ಹುಡುಗರನ್ನು ಬಿಡಿಸಿಕೊಂಡು ಹೋಗಲು. ಈ ಸಲ ತಾವೇ ಹಿಡಿದು ತಂದಿದ್ದರು.

"ಫೌಜದಾರ ಸಾಹೇಬ್ರ, ಫಿರ್ಯಾದಿ ಬರಕೋರಿ. ನಮ್ಮ ಉಗ್ರಾಣದಾಗಿಂದು ಒಂದು ಜ್ವಾಳದ ಚೀಲ ಕಳವಾಗೈತಿ. ಮೊದಲ ಈ ಹುಡುಗೂರನ್ನ ಎಣಿಸಿ, ಮೈ ಗಂಟು ಎಲ್ಲಾ ಝಡತಿ ಮಾಡ್ರಿ. ಓಡಿ ಹೋದ್ರು ಅಂತ ನಾಳೆ ಯಾರೂ ಅನಬಾರದು."

ಫೌಜದಾರ ಬಸಗೊಂಡಪ್ಪ ಕುರ್ಚಿ ಬಿಟ್ಟು ಎದ್ದರು. "ಅಕ್ಕೋರ, ಶನಿವಾರ ವಿಜಾಪುರದಿಂದ ಪ್ರೊಬೇಷನ್ ಅಧಿಕಾರಿ ಬರಾಕತ್ತಾರ. ಇದು ನಿಮಗ ಗೊತ್ತೈತಿ. ಒಂದ ಚೀಲ. ಸುಮ್ಮನಿದ್ದಿದ್ರ ನಡೀತಿತ್ತು."

"ಸುಮ್ಮನಿದ್ರ ಕದ್ದವ್ರು ಇವ್ರ ಅಂತ ನಾನ ಒಪ್ಪಿದಂಗ. ಬರೀರಿ."

ಬಸಗೊಂಡಪ್ಪ ಬರೆದರು. ಕಲಂ 380 ಮತ್ತು 454ರ ಪ್ರಕಾರ ಎಫ್.ಐ.ಆರ್. ದಾಖಲಾದಾಗ ಗಡಿಯಾರ 7.50 ತೋರಿಸುತ್ತಿತ್ತು.

ಕಾಶಿಬಾಯಿಯವರ ಆ ಮನೆಗೆ ಹಿಡಿಜೋಳದ ಮನೆ ಎಂದು ಹೆಸರು. ಜೇಬು ಕತ್ತರಿಸಿ, ಸ್ಟೇಷನ್ನಿನ ಗಂಟು ಎತ್ತಿ ಸಿಕ್ಕಿಬಿದ್ದ ಹುಡುಗರನ್ನು ಕೋರ್ಟು ದೂರದ ಸುಧಾರಣಾ ಶಾಲೆಗೆ ಕಳಿಸುವ ಬದಲು ಜಾಮೀನಿನ ಮೇಲೆ ಇಲ್ಲಿಗೆ ಬಿಡುತ್ತಿತ್ತು. ಇಲ್ಲಿ ಅವರಿಗೆ ಅಕ್ಷರ ಕಲಿಸುವವರು ಕಾಶಿಬಾಯಿ, ಹೊಲಿಗೆ ಕಲಿಸುವವನು ದರ್ಜಿ ಅಬ್ದುಲಸಮದ. ಕೈ ಸೋತ ಮನೆಗಳಿಗೂ ಪ್ರತಿ ಶನಿವಾರ ಇಲ್ಲಿಂದಲೇ ಕಾಳು ಹೋಗುತ್ತಿತ್ತು. ಸರಕಾರದ ಹಣವಿಲ್ಲ, ಸಾಹುಕಾರರ ದೇಣಿಗೆಯಿಲ್ಲ. ಬೆಳಿಗ್ಗೆ ಹುಡುಗರು ಜೋಳಿಗೆ ಹಿಡಿದು ಬಂದರೆ ಊರಿನ ಪ್ರತಿ ಮನೆಯೂ ಒಂದು ಹಿಡಿ ಜೋಳ ಹಾಕಬೇಕು, ಅಷ್ಟೆ. ಒಂಬತ್ತು ವರ್ಷದಲ್ಲಿ ಒಂದು ಬಾಗಿಲಿನಿಂದಲೂ ಜೋಳಿಗೆ ಬರಿದೇ ಹೋದದ್ದಿಲ್ಲ. ವಿಜಾಪುರದವರು ಗೋಳಗುಮ್ಮಟದ ಮಾತೆತ್ತಿದರೆ ತಿಕೋಟಾದವರು ಹಿಡಿಜೋಳದ ಮಾತೆತ್ತುತ್ತಿದ್ದರು, ಅದೂ ಸ್ವಲ್ಪ ಜೋರಾಗಿಯೇ.

ಹುಡುಗರಲ್ಲಿ ಯಾರಾದರೂ ಮತ್ತೆ ಕಳವಿಗೆ ಕೈಹಾಕಿದರೆ ಮನೆಯ ಪರವಾನಗಿ ರದ್ದು, ಹದಿನಾಲ್ಕೂ ಹುಡುಗರು ಸುಧಾರಣಾ ಶಾಲೆಗೆ ಎಂದು ಪ್ರೊಬೇಷನ್ ಕಚೇರಿಯ ಕಾಗದ ಹೇಳಿತ್ತು. ಶನಿವಾರಕ್ಕೆ ಐದು ದಿನ ಉಳಿದಿದ್ದವು.

ಒಂಬತ್ತು ಗಂಟೆಗೆ ಸ್ಥಳದ ಪಂಚನಾಮೆ. ಪಂಚರು ಇಬ್ಬರು: ಕಿರಾಣಿ ಅಂಗಡಿಯ ಶಿವಶರಣಪ್ಪ ಮತ್ತು ನೂಲಿಗೆ ಬಣ್ಣ ಹಾಕುವ ಶಿವಯೋಗೆಪ್ಪ. ಅರವತ್ತು ದಾಟಿದ ಶಿವಯೋಗೆಪ್ಪ ಬಣ್ಣಗಾರರ ಓಣಿಯ ಹಿರಿಯ. ಒಂಬತ್ತು ವರ್ಷದ ಹಿಂದೆ ಈ ಜೋಳಿಗೆಗೆ ಮೊದಲ ಹಿಡಿ ಬಿದ್ದದ್ದು ಅವರ ಮನೆಯಿಂದಲೇ.

ಕೀಲಿ ಮುರಿದಿರಲಿಲ್ಲ. ಕೊಂಡಿಯ ಮೊಳೆ ಕಿತ್ತು, ಮತ್ತೆ ಅದೇ ತೂತಿನಲ್ಲಿ ಬಡಿದು ಕೂರಿಸಲಾಗಿತ್ತು. ಬಾಗಿಲ ಸಂದಿಗೆ ಒಂದು ಕಲ್ಲು ಒತ್ತಿತ್ತು. ಒಳಗೆ ಐದು ತುಂಬಿದ ಚೀಲಗಳು ಇದ್ದಂತೆಯೇ ಇದ್ದವು. ಹೋದದ್ದು ಅರ್ಧ ತುಂಬಿದ, ತೇಪೆ ಹಾಕಿದ ಒಂದು ಹಳೆಯ ಚೀಲ ಮಾತ್ರ.

ಹವಾಲ್ದಾರ ಗೈಬುಸಾಬ ಕಲ್ಲನ್ನು ಎತ್ತಿ ನೋಡಿದ. "ಹೆಗ್ಗಣ ಹೋಗಬಾರದಂತ ಕಲ್ಲು ಇಟ್ಟು ಹೋಗ್ಯಾನ್ರಿ. ಇಂಥಾ ಕಾಳಜಿ ಕಳ್ಳನ್ನ ನನ್ನ ಸರ್ವೀಸಿನಾಗ ನೋಡಿಲ್ಲ."

ಭಾನುವಾರ ಹತ್ತು ಗಂಟೆಗೆ ಕಾಶಿಬಾಯಿ ಕಾಳು ತೆಗೆದು ಕೀಲಿ ಹಾಕಿದಾಗ ಚೀಲ ಇತ್ತು, ಸಂಜೆ ಬಾಗಿಲು ತೆಗೆದಾಗ ಇರಲಿಲ್ಲ. ಹತ್ತರಿಂದ ಒಂದರವರೆಗೆ ಹುಡುಗರು ಅಬ್ದುಲಸಮದನ ಜೊತೆ ಬಟ್ಟೆ ಒಗೆಯಲು ಬಾವಿಗೆ ಹೋಗಿದ್ದರು. ಕಾಶಿಬಾಯಿಯೂ ಹೊರಗೆ ಹೋಗಿದ್ದರಿಂದ ಮನೆಯಲ್ಲಿ ಯಾರೂ ಇರಲಿಲ್ಲ.

"ಎಲ್ಲಾರೂ ಬಾವಿಗಿ ಹೋಗಿದ್ರೇನು?" ಬಸಗೊಂಡಪ್ಪ ಕೇಳಿದರು.

ಅಬ್ದುಲಸಮದ ತಲೆ ತಗ್ಗಿಸಿದ. "ಸಿಕಂದರ ಇರಲಿಲ್ರಿ."

ಶಿವಶರಣಪ್ಪ ಇದಕ್ಕೇ ಕಾದಿದ್ದ. "ಮತ್ತ ಇದರಾಗ ತನಿಖಿ ಏನ್ರಿ? ನಿನ್ನೆ ಮುಂಜಾನೆ ಸಿಕಂದರ ಗಂಟು ಬಗಲಾಗ ಇಟ್ಕೊಂಡು ಕಳ್ಳಕವಟಗಿ ದಾರಿ ಹಿಡದಿದ್ದ. ನಾನ ಕಣ್ಣಾರೆ ನೋಡೇನಿ. ಹುಟ್ಟುಗುಣ ಎಲ್ಲಿ ಹೋಗ್ತೈತಿ?"

ಸಿಕಂದರ ಹದಿನೈದರ ಹುಡುಗ. ಎರಡು ವರ್ಷದ ಹಿಂದೆ ವಿಜಾಪುರ ಸ್ಟೇಷನ್ನಿನಲ್ಲಿ ಪ್ರಯಾಣಿಕನ ಪೆಟ್ಟಿಗೆ ಎತ್ತಿದ್ದ. ಅಂದು ಕೋರ್ಟಿಗೆ ಹೋಗಿ ಅವನ ಜಾಮೀನಿಗೆ ಸಹಿ ಹಾಕಿದವರು ಇದೇ ಶಿವಯೋಗೆಪ್ಪ. ಎಲ್ಲರೂ ಅವರ ಮುಖ ನೋಡಿದರು. ಅವರು ಪಂಚನಾಮೆಗೆ ಸಹಿ ಹಾಕಿ ಹೊರಟುಹೋದರು.

ಹನ್ನೊಂದು ಗಂಟೆಗೆ ಠಾಣೆಯಲ್ಲಿ ವಿಚಾರಣೆ.

"ನಿನ್ನೆ ಎಲ್ಲಿ ಹೋಗಿದ್ದಿ?"

"ಎಲ್ಲೂ ಇಲ್ರಿ."

"ಗಂಟಿನಾಗ ಏನಿತ್ತು?"

ಸಿಕಂದರ ಗೋಡೆ ನೋಡಿದ.

"ಹೇಳಲಿಲ್ಲಂದ್ರ ನಿನ್ನ ಹೆಸರು ಬರೀಬೇಕಾಕ್ಕೈತಿ."

"ಹೇಳಿದ್ರೂ ಬರೀತೀರಿ. ಅಪ್ಪಣಿ ಇಲ್ದ ಊರು ಬಿಟ್ರ ಕೋರ್ಟಿಗಿ ರಿಪೋರ್ಟ್ ಅಂತ ಕಾಗದದಾಗ ಐತ್ರಿ. ನಾ ಓದೇನಿ."

ಹುಡುಗನಿಗೆ ಓದು ಕಲಿಸಿದರೆ ಹೀಗೇ ಆಗುವುದು. ಬಸಗೊಂಡಪ್ಪ ಮೀಸೆಯಲ್ಲೇ ನಕ್ಕು, ಶಿಪಾಯಿ ಭಾಗಪ್ಪನಿಗೆ ಸೈಕಲ್ ತೆಗೆಯಲು ಹೇಳಿದರು. ಕಳ್ಳಕವಟಗಿಯಲ್ಲಿ ಸಿಕಂದರನ ತಾಯಿ ಮಾಶಾಬಿ ಕೂಲಿ ಮಾಡಿಕೊಂಡಿದ್ದಳು.

ಮಂಗಳವಾರ ಮಧ್ಯಾಹ್ನ ಭಾಗಪ್ಪ ಮರಳಿದ. ಭಾನುವಾರ ಹತ್ತೂವರೆಯಿಂದ ಎರಡರವರೆಗೆ ಸಿಕಂದರ ತಾಯಿಯ ಮನೆಯಲ್ಲೇ ಇದ್ದ. ಹಾಗೆಂದು ನೆರೆಯ ಮೂವರು ಕೊಟ್ಟ ಜಬಾನಿ ಹೇಳಿಕೆಯನ್ನು ಭಾಗಪ್ಪ ಬರೆದುಕೊಂಡು ಬಂದಿದ್ದ. ಗಂಟಿನಲ್ಲಿ ಇದ್ದದ್ದು ಹುಡುಗ ಮೊದಲ ಬಾರಿ ತಾನೇ ಕತ್ತರಿಸಿ ಹೊಲಿದ ಒಂದು ಕುಬಸ.

"ಆ ಹೆಣ್ಣುಮಗಳು ಕುಬಸಾನ ಒಳಗ ಹೊರಗ ಮಾಡಿ ತೋರಿಸಿದಳ್ರಿ," ಎಂದ ಭಾಗಪ್ಪ. "ಹೊಲಿಗಿ ನೋಡ್ರಿ, ಹೊಲಿಗಿ ನೋಡ್ರಿ ಅಂತ ಬಿಡವಲ್ಲಳು. ಖರೇನ ಚಲೋ ಹೊಲದಾನ. ನಮ್ಮ ಮನ್ಯಾಕಿ ಸೀತವ್ವಗೂ ಒಂದು ಹೊಲಸೂನು ಅಂತೇನಿ."

ಹುಡುಗ ಪಾರಾದ. ಆದರೆ ಅದು ಠಾಣೆಯ ಮಟ್ಟಿಗೆ. ಅವನಲ್ಲದಿದ್ದರೆ ಅವನ ಜೊತೆಗಾರ ಎಂದು ಶಿವಶರಣಪ್ಪನ ಅಂಗಡಿಯ ಕಟ್ಟೆ ಆಗಲೇ ಮಾತು ಬದಲಿಸಿತ್ತು. ನಿಜವಾದ ಕಳ್ಳ ಸಿಗದೆ ಹಿಡಿಜೋಳದ ಮನೆ ಉಳಿಯುವಂತಿರಲಿಲ್ಲ.

"ಊರ ತುಂಬ ಜ್ವಾಳ ಐತ್ರಿ," ಎಂದ ಗೈಬುಸಾಬ. "ಕದ್ದ ಜ್ವಾಳಕ್ಕೇನು ಕೋಡ ಇರ್ತಾವ?"

ಬಸಗೊಂಡಪ್ಪ ಉಗ್ರಾಣದಿಂದ ಒಂದು ಹಿಡಿ ತರಿಸಿ ಮೇಜಿನ ಮೇಲೆ ಹರವಿದರು. ವಿಜಾಪುರದ ಒಂದು ಉಚಿತ ಬೋರ್ಡಿಂಗಿನಲ್ಲಿ ಇಂಥದೇ ಹಿಡಿಕಾಳು ಉಂಡು ಅವರು ಆರು ವರ್ಷ ಓದಿದ್ದರು. ವಾರಕ್ಕೊಮ್ಮೆ ಕಲ್ಲು ಆರಿಸುವ ಪಾಳಿಯೂ ಮಾಡಿದ್ದರು. ಅದನ್ನು ಅವರು ಯಾರಿಂದಲೂ ಮುಚ್ಚಿಟ್ಟವರಲ್ಲ.

"ಈ ಜ್ವಾಳಕ್ಕ ಕೋಡ ಅದಾವ, ನೋಡು. ಬಿಳಿಜ್ವಾಳ, ಕೆಂಪು ಜ್ವಾಳ, ನಡು ನಡುವ ಸಜ್ಜಿ, ನಾಕು ಕಾಳು ನವಣಿ. ಒಬ್ಬ ರೈತನ ಚೀಲದಾಗ ಒಂದು ಹೊಲದ ಕಾಳು ಇರ್ತಾವ. ಇದರಾಗ ಊರ ಎಲ್ಲಾ ಹೊಲ ಅದಾವ."

"ಖರೆ. ಆದ್ರ ಯಾರ್ಯಾರ ಅಡಗಿಮನಿ ಹೊಕ್ಕು ನೋಡೂನ್ರಿ?"

ಕಾಶಿಬಾಯಿ ಅಲ್ಲೇ ಕುಳಿತಿದ್ದರು. "ಹೊಗೂದ್ಯಾಕ? ದಿನಾ ಮುಂಜಾನೆ ಪ್ರತಿ ಮನಿ ತನ್ನ ಕಾಳನ್ನ ತಾನ ಬಾಗಲಕ ತಂದು ತೋರಸ್ತೈತಿ."

"ಅಕ್ಕೋರ, ಕದ್ದಾವ ಕದ್ದ ಕಾಳನ್ನ ನಿಮಗ ಹಿಡಿ ಹಾಕ್ತಾನೇನ್ರಿ?" ಎಂದ ಗೈಬುಸಾಬ.

"ಕಳ್ಳ ಇರಬಹುದು. ಆದ್ರ ತಿಕೋಟಾದಾವ. ಜ್ವಾಳಿಗಿ ಖಾಲಿ ಕಳಸಾಂಗಿಲ್ಲ."

ಈ ಮಾತನ್ನು ಪೊಲೀಸ್ ಮ್ಯಾನ್ಯುಅಲ್ಲಿನಲ್ಲಿ ಎಲ್ಲಿ ಹುಡುಕಿದರೂ ಸಿಗಲಾರದು. ಬಸಗೊಂಡಪ್ಪ ಆ ಕ್ಷಣವೇ ಒಪ್ಪಿದರು.

ಪೊಲೀಸರು ಮನೆ ಮನೆಗೆ ಹೋದರೆ ಊರು ಎಚ್ಚರಾಗುತ್ತದೆ. ಆದ್ದರಿಂದ ಕೆಲಸ ಹುಡುಗರ ಪಾಲಿಗೆ ಬಂತು. ಅಬ್ದುಲಸಮದ ಹೊಲಿಗೆಯಲ್ಲಿ ಉಳಿದ ಬಟ್ಟೆ ಚೂರುಗಳನ್ನು ಕೊಟ್ಟ. ಬುಧವಾರ ಮತ್ತು ಗುರುವಾರ ಪ್ರತಿ ಮನೆಯ ಹಿಡಿಯನ್ನೂ ಓಣಿಯ ತಿರುವಿನಲ್ಲಿ ಬೇರೆ ಬೇರೆ ಗಂಟು ಕಟ್ಟಿ, ಮನೆಯ ಹೆಸರಿನ ಚೀಟಿ ಸಿಕ್ಕಿಸಿದರು. ಕಳ್ಳರೆಂದು ಕಟ್ಟೆಯ ಮೇಲಿನವರು ಬೆರಳು ತೋರಿಸುತ್ತಿದ್ದ ಹದಿನಾಲ್ಕು ಹುಡುಗರು ಸರಕಾರದ ತನಿಖೆ ನಡೆಸುತ್ತಿದ್ದರು. ಒಂದು ಗಂಟೂ ತಪ್ಪಲಿಲ್ಲ, ಒಂದು ಮಾತೂ ಹೊರಬೀಳಲಿಲ್ಲ. ಇದನ್ನು ಹೇಳುವಾಗ ತಿಕೋಟಾದವರಾದ ನಮಗೆ ಇಂದಿಗೂ ಎದೆ ಉಬ್ಬುತ್ತದೆ.

ಗುರುವಾರ ಸಂಜೆ ಐದಕ್ಕೆ ಗಂಟುಗಳನ್ನು ಬಿಚ್ಚಿದರು. ಬೆರಕೆ ಜೋಳ ಐದು ಮನೆಯದು. ನಾಲ್ಕು ಕೂಲಿಯವರ ಮನೆಗಳು. ಬೇರೆ ಬೇರೆ ಹೊಲದಲ್ಲಿ ದುಡಿದು ಕಾಳಿನಲ್ಲೇ ಕೂಲಿ ಪಡೆಯುವವರು. ಗೈಬುಸಾಬ ಹೋಗಿ ವಿಚಾರಿಸಿ ಖಾತ್ರಿ ಮಾಡಿಕೊಂಡು ಬಂದ. ಐದನೆಯ ಚೀಟಿ ಓದಿದ ಮೇಲೆ ಅವನು ಗಂಟನ್ನು ಮತ್ತೆ ಕಟ್ಟಿಬಿಟ್ಟ.

"ಇದು ಅದಲ ಬದಲ ಆಗೈತ್ರಿ."

"ಇಲ್ರಿ," ಎಂದ ಸಿಕಂದರ. ಅವನ ದನಿ ಕುಗ್ಗಿತ್ತು. "ಎರಡೂ ದಿನ ನಾನ ತಂದೇನಿ. ಶಿವಯೋಗೆಪ್ಪಜ್ಜಾರ ಮನೀದ. ನಿನ್ನೇನ ಗೊತ್ತಾಗಿತ್ರಿ."

"ಮತ್ತ ನಿನ್ನೇನ ಯಾಕ ಹೇಳಲಿಲ್ಲಲೇ?"

"ನನ್ನ ಜಾಮೀನು ಆದವ್ರು ಅವ್ರರಿ. ಇವತ್ತರ ಬ್ಯಾರೆ ಕಾಳು ಬರಲಿ ಅಂತ ಕಾದೆ."

ಶುಕ್ರವಾರ, ಜನವರಿ 28. ಬೆಳಿಗ್ಗೆ ಎಂಟೂವರೆಗೆ ಬಣ್ಣಗಾರರ ಓಣಿಯ ಮೊದಲ ಮನೆಯ ಶೋಧ. ಬೇರೆ ಇಬ್ಬರು ಪಂಚರು, ಜೊತೆಗೆ ಚೀಲ ಗುರುತಿಸಲು ಸಿಕಂದರ. ಬಾಗಿಲು ತೆರೆದವಳು ಶಿವಯೋಗೆಪ್ಪನವರ ಹೆಂಡತಿ ಮುರಿಗೆವ್ವ. ಅಂಗಳ ಸಾರಿಸಿ ರಂಗೋಲಿ ಹಾಕಿತ್ತು. ಒಳಗೆ ಬಣ್ಣದ ನಾಲ್ಕು ದೊಡ್ಡ ಬಾನಿಗಳು. ಯುದ್ಧ ಶುರುವಾಗಿ ಜರ್ಮನಿಯ ಬಣ್ಣ ನಿಂತ ಮೇಲೆ ಈ ಓಣಿಯಲ್ಲಿ ಅನೇಕರು ಬೇರೆ ಕೆಲಸ ಹಿಡಿದಿದ್ದರು. ಶಿವಯೋಗೆಪ್ಪ ಮಾತ್ರ ಸರಕು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತ ಶುಭ್ರವಾದ ರುಮಾಲು ಸುತ್ತಿ ತಿರುಗುತ್ತಿದ್ದರು. ಬಾನಿಗಳ ತಳ ಒಣಗಿ ಬಿರುಕು ಬಿಟ್ಟಿತ್ತು.

ಮೂರನೆಯ ಬಾನಿಯಲ್ಲಿ ಚೀಲ ಸಿಕ್ಕಿತು. ಕಾಳು ಬಹುಪಾಲು ಹಾಗೇ ಇತ್ತು.

"ಈ ಚೀಲ ಗುರ್ತು ಹಿಡೀತಿಯೇನು?"

ಸಿಕಂದರ ತೇಪೆಯ ಮೇಲೆ ಬೆರಳಾಡಿಸಿದ. "ನನ್ನ ಹೊಲಿಗಿರಿ. ನಾ ಹಾಕಿದ ಮೊದಲನೇ ತ್ಯಾಪಿ. ಹೊಲಿಗಿ ಕಲಸೂ ವಸ್ತಾದರು ಎರಡು ಸಲ ಬಿಚ್ಚಿಸಿ ಮತ್ತ ಹಾಕಿಸಿದ್ರು."

ಶಿವಯೋಗೆಪ್ಪ ಕಂಬಕ್ಕೆ ಒರಗಿ ಕುಳಿತಿದ್ದರು. ಅಲ್ಲಗಳೆಯಲಿಲ್ಲ.

"ಯಾವಾಗ ತಂದ್ರಿ?"

"ಐತ್ವಾರ ಹನ್ನೊಂದಕ್ಕ. ಹುಡುಗೂರು ಬಾವಿಗಿ ಹೋಗಿದ್ರು."

"ಮನ್ಯಾಗ ಕಾಳು ಇರಲಿಲ್ಲೇನು?"

"ಆಗ ನಾಕ ದಿನದಿಂದ ಉಣ್ಣಾಕ ಇರಲಿಲ್ಲ, ಜ್ವಾಳಿಗಿಗಷ್ಟ ತಗದಿಟ್ಟಿದ್ದು."

"ಅಕ್ಕೋರಿಗಿ ಒಂದು ಮಾತು ಹೇಳಿದ್ರ ಶನಿವಾರ ಮನೀಗೆ ಬರ್ತಿತ್ತಲ್ರಿ, ಹಿರ್ಯಾರ."

"ಮೊದಲನೇ ಹಿಡಿ ಹಾಕಿದಾವ ನಾನು. ಇಸಕೊಳ್ಳೋರ ಪಾಳೇದಾಗ ನಾ ಹೆಂಗ ನಿಲ್ಲಲಿ? ಉಪಾಸ ನಮಗ ದೊಡ್ಡದಲ್ರಿ. ಐತ್ವಾರ ಮುಂಜಾನೆ ಜ್ವಾಳಿಗಿ ಬಂದಾಗ ಮುರಿಗೆವ್ವ ಡಬ್ಬಿ ಝಾಡಿಸಿ ಅರ್ಧ ಹಿಡಿ ಹಾಕಿದಳು. ನಾಳೆ ಏನು ಹಾಕೂದು ಅಂದಳು. ಅದ ಒಂದು ಮಾತು ತಲ್ಯಾಗ ಕುಂತಬಿಟ್ಟಿತು."

ಗೈಬುಸಾಬ ಬರೆಯುವುದನ್ನು ನಿಲ್ಲಿಸಿದ. "ಅಂದ್ರ... ಹಿಡಿಜ್ವಾಳ ಹಾಕೂ ಸಲುವಾಗಿ ಹಿಡಿಜ್ವಾಳದ ಮನೀಗೇ ಕನ್ನ ಹಾಕಿದ್ರೇನ್ರಿ?"

"ತಿಂದೀವಿ. ಸುಳ್ಳ ಹೇಳೂದಿಲ್ಲ. ಆದ್ರ ದಿನಾ ಮೊದಲ ಹಿಡಿ ತಗದಿಟ್ಟ ತಿಂದೀವಿ."

ಬಸಗೊಂಡಪ್ಪನವರಿಗೆ ಸಿಟ್ಟು ಬಂದದ್ದು ಕಳವಿಗಲ್ಲ. "ಜ್ವಾಳದ ಮಾತು ಬಿಡ್ರಿ. ಪಂಚನಾಮೆ ದಿನ ಈ ಹುಡುಗನ ಹೆಸರು ಎತ್ತಿದಾಗ ನೀವು ಬಾಯಿ ಮುಚ್ಚಿ ಸಹಿ ಹಾಕಿದ್ರಿ. ಹದಿನಾಕು ಹುಡುಗೂರ ಬದುಕು ಹೋಗ್ತಿತ್ತು. ನಿಮ್ಮ ಮಾನಕ್ಕ ಅಷ್ಟು ಕಿಮ್ಮತ್ತೇನು?"

ಶಿವಯೋಗೆಪ್ಪ ಸಿಕಂದರನ ಕಡೆ ನೋಡಿದರು. ಆಮೇಲೆ ರುಮಾಲು ತೆಗೆದು ಮೊಳಕಾಲ ಮೇಲಿಟ್ಟರು. "ಅದು ನನ್ನ ತಪ್ಪು. ಅದಕ್ಕ ಯಾವ ಕಲಮು ಇದ್ದರೂ ಹಾಕ್ರಿ. ಈ ಹುಡುಗನ ಹೆಸರಿಗೆ ಹತ್ತಿದ ಬಣ್ಣ ನಾನ ತೊಳೀತೇನಿ."

9.40ಕ್ಕೆ ದಸ್ತಗಿರಿ. ಬೇಡಿ ಹಾಕಲಿಲ್ಲ. ಶಿವಶರಣಪ್ಪನ ಅಂಗಡಿಯ ಮುಂದೆ ಬಂದಾಗ ಶಿವಯೋಗೆಪ್ಪ ತಾವಾಗಿಯೇ ನಿಂತರು. ಕಟ್ಟೆಯ ಮೇಲೆ ಏಳೆಂಟು ಜನರಿದ್ದರು.

"ಎಲ್ಲಾರೂ ಕೇಳ್ರಿ. ಚೀಲ ಕದ್ದಾವ ನಾನು. ಸಿಕಂದರ ಅಲ್ಲ, ಆ ಮನಿ ಯಾವ ಹುಡುಗನೂ ಅಲ್ಲ. ಶಿವಶರಣಪ್ಪ, ನೀ ಕಣ್ಣಾರೆ ನೋಡಿದ್ದು ಅವ್ವಗ ಕುಬಸ ಒಯ್ಯಾಕತ್ತ ಮಗನ್ನ."

ಅಷ್ಟು ವರ್ಷ ಊರ ಹಿರಿಯನೆಂದು ನಡೆದ ದಾರಿಯಲ್ಲಿ ಆ ಮನುಷ್ಯ ಬರಿತಲೆಯಲ್ಲಿ ಠಾಣೆಗೆ ನಡೆದರು. ನನ್ನನ್ನು ಕೇಳಿದರೆ, ಅವರು ನಿಜವಾಗಿ ಹಿರಿಯರಾದದ್ದು ಅಂದೇ.

ಶನಿವಾರ ಹನ್ನೊಂದಕ್ಕೆ ಪ್ರೊಬೇಷನ್ ಅಧಿಕಾರಿ ಬಂದರು. ಫೈಲು ಓದಿದರು, ಹುಡುಗರು ಕಟ್ಟಿದ ಗಂಟುಗಳನ್ನು ಒಂದೊಂದಾಗಿ ನೋಡಿದರು, ಪರವಾನಗಿಯನ್ನು ಮೂರು ವರ್ಷ ಮುಂದುವರಿಸಿ ಸಹಿ ಹಾಕಿದರು. ಸಿಕಂದರ ಅಪ್ಪಣೆಯಿಲ್ಲದೆ ಊರು ಬಿಟ್ಟದ್ದಕ್ಕೆ ಎಚ್ಚರಿಕೆ ಕೊಟ್ಟು, ತಿಂಗಳಿಗೊಮ್ಮೆ ತಾಯಿಯ ಮನೆಗೆ ಹೋಗಲು ಅಪ್ಪಣೆಯನ್ನೂ ಬರೆದರು. ಸೋಮವಾರ ಶಿವಯೋಗೆಪ್ಪನವರಿಗೆ ವಿಜಾಪುರದ ಕೋರ್ಟಿನಲ್ಲಿ ಜಾಮೀನು ಸಿಕ್ಕಿತು. ಜಾಮೀನಾದವರು ಕಾಶಿಬಾಯಿ ಮತ್ತು ಅಬ್ದುಲಸಮದ. ತಾನೂ ಸಹಿ ಹಾಕುತ್ತೇನೆಂದು ಸಿಕಂದರ ಹಟ ಹಿಡಿದ; ವಯಸ್ಸು ಸಾಲದೆಂದು ಗುಮಾಸ್ತರು ಅವನನ್ನು ಹೊರಗೆ ಕಳಿಸಿದರು.

ಕೇಸ್ ಡೈರಿಯ ಕೊನೆಯಲ್ಲಿ ಅಪರಾಧದ ಉದ್ದೇಶ ಬರೆಯಬೇಕಿತ್ತು. ಬಸಗೊಂಡಪ್ಪ ಹಸಿವು ಎಂದು ಬರೆದು ಹೊಡೆದುಹಾಕಿದರು. ಕೆಳಗೆ ಬರೆದರು: "ಆರೋಪಿತನಿಗೆ ಕೊಡುವುದು ರೂಢಿಯಾಗಿತ್ತು, ಬೇಡುವುದು ಬರುತ್ತಿರಲಿಲ್ಲ."

ಆ ವಾರವೇ ಕಾಶಿಬಾಯಿ ಹೊಸ ಜೋಳಿಗೆ ಹೊಲಿಸಿದರು. ಹೊಲಿದವನು ಸಿಕಂದರ. ಬಾಯಿಗೆ ಅಂಗಿಯ ತೋಳಿನಂಥ ಉದ್ದನೆಯ ಬಟ್ಟೆ. ಮೊಣಕೈವರೆಗೆ ಕೈ ಒಳಗೆ ಹೋಗಬೇಕು. ಹಿಡಿ ಹಾಕುವವರೂ ಹಾಗೇ, ಹಿಡಿ ಬೇಕಾದವರೂ ಹಾಗೇ. ಒಳಗೆ ಹೋದ ಕೈ ಏನು ಮಾಡಿತೆಂದು ಆ ಕೈಗೆ ಮಾತ್ರ ಗೊತ್ತು. ಜೋಳಿಗೆ ಹಿಡಿದ ಹುಡುಗ ಮುಖ ತಿರುಗಿಸಿ ನಿಲ್ಲಬೇಕೆಂದು ಅಕ್ಕೋರ ಕಟ್ಟಪ್ಪಣೆ.

ಮೊದಲ ದಿನ ಸಿಕಂದರ ಬಣ್ಣಗಾರರ ಓಣಿಯಿಂದಲೇ ಶುರು ಮಾಡಿದ. ಮೊದಲ ಮನೆಯ ಬಾಗಿಲು ಮುಚ್ಚಿತ್ತು.

"ಅವ್ವಾರ, ಜ್ವಾಳಿಗಿ ಬಂದೈತ್ರಿ."

ಬಾಗಿಲು ಅರ್ಧ ತೆರೆಯಿತು. ಮುರಿಗೆವ್ವ ಬಹಳ ಹೊತ್ತು ನಿಂತಳು. ಆಮೇಲೆ ತೋಳಿನೊಳಗೆ ಕೈ ಹಾಕಿದಳು. ಜೋಳಿಗೆ ಭಾರವಾಯಿತೋ ಹಗುರಾಯಿತೋ, ಹೆಗಲಿಗೆ ಹಾಕಿಕೊಂಡವನಿಗೆ ತಿಳಿಯದೆ ಇರಲಾರದು. ಆದರೆ ಅದನ್ನು ಸಿಕಂದರ ಠಾಣೆಯಲ್ಲೂ ಹೇಳಲಿಲ್ಲ, ತಾಯಿಗೂ ಹೇಳಲಿಲ್ಲ. ಅವನು ಬೀದಿಯ ಕಡೆ ಮುಖ ಮಾಡಿ ನೆಟ್ಟಗೆ ನಿಂತಿದ್ದ.